ಸಾರ್ವಕಾಲಿಕ ಹಾಡು: ಎಣಿಸಿದವರು ಯಾರು?

ಕೊಟ್ಟೂರಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕುಳಿತ ನಾಲ್ವರ ನಡುವೆ ವಾಗ್ವಾದ ಹಚ್ಚಲು ರಾಜಕೀಯವೇ ಬೇಕೆಂದಿಲ್ಲ. ‘ಕನ್ನಡದಲ್ಲಿ ಎಲ್ಲ ಕಾಲಕ್ಕೂ ಅತ್ಯಂತ ಜನಪ್ರಿಯವಾದ ಹಾಡು ಯಾವುದು?’ ಎಂದು ಕೇಳಿದರೆ ಸಾಕು. ಹಿರಿಯರೊಬ್ಬರು ‘ಸಂಪತ್ತಿಗೆ ಸವಾಲ್’ ಚಿತ್ರದ ಎಮ್ಮೆಯ ಹಾಡನ್ನು ಮುಂದಿಡುತ್ತಾರೆ. ನಡುವಯಸ್ಸಿನವರು ‘ಆಕಸ್ಮಿಕ’ದ ಜಟಕಾ ಬಂಡಿಯ ಹಾಡು ಎನ್ನುತ್ತಾರೆ. ಅವರಿಗಿಂತ ಚಿಕ್ಕವರು ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ ‘ಮುಂಗಾರು ಮಳೆ’ಯ ಗೀತೆಯನ್ನು ಬಿಟ್ಟುಕೊಡುವುದಿಲ್ಲ. ಕಾಲೇಜು ಹುಡುಗ ಮೊಬೈಲನ್ನೇ ಮುಂದೆ ಹಿಡಿದು, ‘ಇಲ್ಲಿ ನೋಡ್ರಿ, ಎಷ್ಟು ಕೋಟಿ ಮಂದಿ ನೋಡ್ಯಾರ’ ಎನ್ನುತ್ತಾನೆ.

ನಾಲ್ವರೂ ಸುಳ್ಳು ಹೇಳುತ್ತಿಲ್ಲ. ಆದರೆ ನಾಲ್ವರ ಕೈಯಲ್ಲಿರುವ ಅಳತೆಗೋಲುಗಳು ಬೇರೆ ಬೇರೆ. ವಾದ ಮುಗಿಯದಿರುವುದಕ್ಕೆ ಕಾರಣ ಅದೇ. ಪತ್ರಿಕೆಗಳಲ್ಲಿ, ಟಿ.ವಿ. ವಾಹಿನಿಗಳಲ್ಲಿ ಆಗಾಗ ಬರುವ ‘ಸಾರ್ವಕಾಲಿಕ ಹತ್ತು ಹಾಡುಗಳು’ ಎಂಬ ಪಟ್ಟಿಗಳನ್ನು ಓದುವಾಗಲೂ ನಾವು ಕೇಳಬೇಕಾದ ಪ್ರಶ್ನೆ ಇದು: ಎಣಿಸಿದ್ದು ಏನನ್ನು, ಎಣಿಸಿದವರು ಯಾರು?

ಒನ್ಸ್‌ಮೋರ್‌ನಿಂದ ಪೋಸ್ಟ್‌ಕಾರ್ಡಿಗೆ

ನಮ್ಮ ಕಡೆಯ ಅತ್ಯಂತ ಹಳೆಯ ಎಣಿಕೆ ಎಂದರೆ ಕಂಪನಿ ನಾಟಕದ ‘ಒನ್ಸ್‌ಮೋರ್’. ಹಾಡು ಹಿಡಿಸಿದರೆ ಪ್ರೇಕ್ಷಕರು ಕೂಗುತ್ತಿದ್ದರು, ನಟ ಮತ್ತೆ ಹಾಡುತ್ತಿದ್ದ. ಸತ್ತು ಬಿದ್ದ ಪಾತ್ರಧಾರಿ ಎದ್ದು ಹಾಡಿ ಮತ್ತೆ ಸತ್ತ ಕಥೆಗಳನ್ನು ಹಳಬರು ಇಂದಿಗೂ ನಗುತ್ತ ಹೇಳುತ್ತಾರೆ. ಈ ಮಾಪನದಲ್ಲಿ ಮೋಸಕ್ಕೆ ಎಡೆ ಕಡಿಮೆ. ಕೇಳಿದವರು ಕಣ್ಣೆದುರಿಗೇ ಕುಳಿತಿರುತ್ತಿದ್ದರು. ಆದರೆ ಹೂವಿನಹಡಗಲಿಯ ಒನ್ಸ್‌ಮೋರ್ ಹರಪನಹಳ್ಳಿಗೆ ಕೇಳಿಸುತ್ತಿರಲಿಲ್ಲ. ಎಮ್ಮೆಯ ಹಾಡಿನ ಬೇರು ಕೂಡ ಇಲ್ಲಿಯೇ ಇದೆ. 1974ರ ಆ ಚಿತ್ರ ಪಿ.ಬಿ. ಧುತ್ತರಗಿಯವರ ವೃತ್ತಿರಂಗಭೂಮಿಯ ನಾಟಕದಿಂದ ಬಂದದ್ದು. ಅಲ್ಲಿಯವರೆಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸರ ಕಂಠದಲ್ಲಿ ಹಾಡುತ್ತಿದ್ದ ರಾಜ್‌ಕುಮಾರ್, ಅದರ ಬಳಿಕ ತಮ್ಮ ದನಿಯಲ್ಲೇ ಹಾಡತೊಡಗಿದರು.

ದೇಶಮಟ್ಟದ ಎಣಿಕೆ ಶುರುವಾದದ್ದು ರೇಡಿಯೋದಿಂದ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಒಗ್ಗುತ್ತಿರಲಿಲ್ಲ. ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದವು. ಕೇಳುಗರು ಸುಮ್ಮನೆ ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಹಾಡುಗಳಿಗೆ ಮೆಟ್ಟಿಲುಗಳಿದ್ದವು; ಈ ವಾರ ಮೇಲೇರಿದ್ದು ಯಾವುದು, ಕೆಳಗಿಳಿದದ್ದು ಯಾವುದು ಎಂದು ಬುಧವಾರ ರಾತ್ರಿ ಇಡೀ ದೇಶ ಕಿವಿಗೊಡುತ್ತಿತ್ತು. ಅಂಗಡಿಗಳಲ್ಲಿ ಮಾರಾಟವಾದ ಪ್ಲೇಟುಗಳ ವರದಿ ಮತ್ತು ಶ್ರೋತೃ ಸಂಘಗಳ ಅಭಿಪ್ರಾಯ, ಇವೆರಡೂ ಅದರ ಆಧಾರ. 1957ರಲ್ಲಿ ವಿವಿಧ ಭಾರತಿ ಹುಟ್ಟಿದ ಮೇಲೆ ಆಕಾಶವಾಣಿಯಲ್ಲೂ ಚಿತ್ರಗೀತೆಗಳು ಮರಳಿದವು, ಕೋರಿಕೆಯ ಪೋಸ್ಟ್‌ಕಾರ್ಡುಗಳು ಮೂಟೆಗಟ್ಟಲೆ ಬಂದವು.

ಈ ಪೋಸ್ಟ್‌ಕಾರ್ಡಿನ ಎಣಿಕೆಯಲ್ಲಿ ಒಂದು ಸ್ವಾರಸ್ಯವಿದೆ. ಈಗ ಝಾರ್ಖಂಡಿನಲ್ಲಿರುವ ಝುಮ್ರಿ ತಲೈಯಾ ಎಂಬ ಸಣ್ಣ ಊರಿನಿಂದ ಎಷ್ಟು ಕೋರಿಕೆಗಳು ಬರುತ್ತಿದ್ದವೆಂದರೆ, ರೇಡಿಯೋ ಕೇಳುವವರಿಗೆಲ್ಲ ಆ ಹೆಸರು ಬಾಯಿಪಾಠವಾಗಿತ್ತು. ಹಾಗೆಂದು ದೇಶದ ಅಭಿರುಚಿ ಆ ಊರಿನಲ್ಲಿ ಠಿಕಾಣಿ ಹೂಡಿತ್ತೆಂದಲ್ಲ. ಬರೆಯುವ ಹುರುಪು ಅಲ್ಲಿನ ಕೆಲವರಿಗೆ ಹೆಚ್ಚಿತ್ತು, ಅಷ್ಟೆ. ಹಾಡನ್ನು ಮೆಚ್ಚುವುದು ಒಂದು, ಮೆಚ್ಚಿದ್ದನ್ನು ಬರೆದು ಕಳಿಸುವುದು ಇನ್ನೊಂದು. ಅಕ್ಷರ ಬಾರದ ಕೂಡ್ಲಿಗಿಯ ಕೂಲಿ ಹೆಣ್ಣುಮಗಳು ಅದೇ ಹಾಡನ್ನು ಶೇಂಗಾ ಹೊಲದಲ್ಲಿ ದಿನವಿಡೀ ಗುನುಗಿದರೂ ಯಾವ ಪಟ್ಟಿಗೂ ಒಂದು ಅಂಕ ಸೇರುತ್ತಿರಲಿಲ್ಲ.

ಅಳತೆಗೋಲು ಬದಲಾದಾಗ

ಅಮೆರಿಕದಲ್ಲಿ ಈ ಎಣಿಕೆ ಒಂದು ಉದ್ಯಮವೇ ಆಗಿದೆ. ‘ಬಿಲ್‌ಬೋರ್ಡ್’ ಪತ್ರಿಕೆ 1958ರಿಂದ ವಾರವಾರವೂ ನೂರು ಹಾಡುಗಳ ಪಟ್ಟಿ ಪ್ರಕಟಿಸುತ್ತ ಬಂದಿದೆ. ಮೊದಮೊದಲು ಅಂಗಡಿಯವರು ‘ಇದು ಚೆನ್ನಾಗಿ ಹೋಗುತ್ತಿದೆ’ ಎಂದು ಬಾಯಲ್ಲಿ ಹೇಳಿದ್ದೇ ಲೆಕ್ಕ. 1991ರಲ್ಲಿ ಪ್ರತಿ ಮಾರಾಟವನ್ನೂ ಯಂತ್ರದಿಂದ ದಾಖಲಿಸುವ ಕ್ರಮ ಬಂದಿತು. ಆಲ್ಬಮ್‌ಗಳ ಪಟ್ಟಿಯಲ್ಲಿ ಹಳ್ಳಿಗಾಡಿನ ‘ಕಂಟ್ರಿ’ ಹಾಡುಗಳೂ ಕಪ್ಪುಜನರ ‘ರ‍್ಯಾಪ್’ ಹಾಡುಗಳೂ ಏಕಾಏಕಿ ಮೇಲಕ್ಕೇರಿದವು. ಜನರ ಕಿವಿಯೇನೂ ಒಂದೇ ವಾರದಲ್ಲಿ ಬದಲಾಗಿರಲಿಲ್ಲ. ಅಲ್ಲಿಯವರೆಗೆ ಅಂಗಡಿಯವರ ಬಾಯಿಗೆ ಬಾರದೆ ಉಳಿದ ಕೇಳುಗರು ಮೊದಲ ಬಾರಿಗೆ ಲೆಕ್ಕಕ್ಕೆ ಸಿಕ್ಕರು.

‘ಸಾರ್ವಕಾಲಿಕ’ ಎಂಬ ಪಟ್ಟಿಯಲ್ಲಿ ತೊಡಕು ಇನ್ನೂ ಹೆಚ್ಚು. ಅದೇ ಪತ್ರಿಕೆಯ ಸಾರ್ವಕಾಲಿಕ ಪಟ್ಟಿಯ ತುದಿಯಲ್ಲಿ 1960ರ ‘ದಿ ಟ್ವಿಸ್ಟ್’ ಬಹುಕಾಲ ಕುಳಿತಿತ್ತು. 2021ರಲ್ಲಿ ‘ಬ್ಲೈಂಡಿಂಗ್ ಲೈಟ್ಸ್’ ಆ ಜಾಗವನ್ನು ಹಿಡಿಯಿತು. ಹಿಂದೆ ಹಾಡುಗಳು ಬೇಗ ಏರಿ ಬೇಗ ಇಳಿಯುತ್ತಿದ್ದವು, ಈಗ ತಿಂಗಳುಗಟ್ಟಲೆ ಪಟ್ಟಿಯಲ್ಲಿ ಉಳಿಯುತ್ತವೆ. ಹೀಗಾಗಿ ಬೇರೆ ಬೇರೆ ಕಾಲದ ಅಂಕಗಳನ್ನು ಬೇರೆ ಬೇರೆ ತೂಕದಲ್ಲಿ ತೂಗಿ ಸರಿದೂಗಿಸುತ್ತಾರೆ. ತೂಕ ಎಷ್ಟು ಎಂದು ನಿರ್ಧರಿಸುವವರು ಮನುಷ್ಯರೇ.

ನಮ್ಮ ಊರಿನ ಉದಾಹರಣೆಯನ್ನೇ ನೋಡಿ. 1970ರ ದಶಕದಲ್ಲಿ ಒಂದು ಪ್ಲೇಟು ಮಾರಾಟವಾದರೆ ಲೆಕ್ಕ ಒಂದು. ಆದರೆ ಅದನ್ನು ಕೊಂಡವನು ಮೈಕ್‌ಸೆಟ್ಟಿನವನಾಗಿದ್ದರೆ, ಬೇವಿನ ಮರಕ್ಕೆ ಕಟ್ಟಿದ ಅವನ ಹಾರ್ನು ಮದುವೆ, ಜಾತ್ರೆ, ಗಣಪತಿ ಹಬ್ಬಗಳಲ್ಲಿ ಹತ್ತು ಊರಿಗೆ ಹಾಡು ಕೇಳಿಸುತ್ತಿತ್ತು. ಇಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡ ಒಬ್ಬನೇ ಹುಡುಗ ಒಂದೇ ಹಾಡನ್ನು ಐವತ್ತು ಸಲ ಕೇಳಿದರೆ ಲೆಕ್ಕ ಐವತ್ತಾಗಬಹುದು. ಅಲ್ಲಿ ಸಾವಿರ ಕಿವಿಗೆ ಒಂದು ಅಂಕ, ಇಲ್ಲಿ ಒಬ್ಬನ ಕಿವಿಗೆ ಐವತ್ತು. ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದು ಹೇಗೆ?

ಓಟಿನ ಹಾಡು

ಹಾಗಾದರೆ ಜನರನ್ನೇ ಕೇಳಬಾರದೇ? 2002ರಲ್ಲಿ ಬಿ.ಬಿ.ಸಿ. ವರ್ಲ್ಡ್ ಸರ್ವೀಸ್ ತನ್ನ ಎಪ್ಪತ್ತನೆಯ ವರ್ಷಾಚರಣೆಗಾಗಿ ಅದನ್ನೇ ಮಾಡಿತು. ಜಗತ್ತಿನ ಅತ್ಯಂತ ಪ್ರಿಯ ಹಾಡು ಯಾವುದೆಂದು ಕೇಳುಗರಿಂದ ಮತ ಕೇಳಿತು. ಮೊದಲ ಸ್ಥಾನ ಪಡೆದದ್ದು ಐರ್ಲೆಂಡಿನ ಒಂದು ದೇಶಭಕ್ತಿ ಗೀತೆ. ಎರಡನೆಯದು ನಮ್ಮ ‘ವಂದೇ ಮಾತರಂ’. ಮೂರನೆಯದು ಪಾಕಿಸ್ತಾನದ ‘ದಿಲ್ ದಿಲ್ ಪಾಕಿಸ್ತಾನ್’. ನಾಲ್ಕನೆಯದು ಇಳಯರಾಜ ಸಂಗೀತ ನೀಡಿದ ತಮಿಳು ಚಿತ್ರಗೀತೆ. ಇದು ಹಾಡುಗಳ ಸ್ಪರ್ಧೆಯೋ ದೇಶಭಾಷೆಗಳ ಸ್ಪರ್ಧೆಯೋ ಎಂದು ನಗಬಹುದು. ಆದರೆ ಆ ನಗುವಿನ ಹಿಂದೆ ಒಂದು ತಿಳಿವಳಿಕೆಯಿದೆ. ಹಾಡಿಗೆ ಮತ ಹಾಕುವವನು ಹಾಡಿಗಷ್ಟೇ ಹಾಕುವುದಿಲ್ಲ. ತನ್ನ ಭಾಷೆಗೆ, ತನ್ನ ಊರಿಗೆ, ತನ್ನ ಹರೆಯಕ್ಕೆ ಹಾಕುತ್ತಾನೆ. ‘ಅಣ್ಣಾವ್ರ ಹಾಡಿನ ಮುಂದೆ ಇವೆಲ್ಲ ಎಲ್ಲಿ ಬರ್ತಾವಪ್ಪಾ’ ಎನ್ನುವ ಹಿರಿಯರು ಹೇಳುತ್ತಿರುವುದು ಅದನ್ನೇ.

ಗಡಿಭಾಗದ ನಮ್ಮಂಥ ತಾಲ್ಲೂಕುಗಳಲ್ಲಿ ಇನ್ನೊಂದು ತೊಡಕು. 1953ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ ಸೀಮೆಯ ಅನೇಕ ಮನೆಗಳಲ್ಲಿ ಘಂಟಸಾಲರ ತೆಲುಗು ಹಾಡೂ ಮನೆಯ ಹಾಡೇ. ಕನ್ನಡದ ಪಟ್ಟಿಗೆ ಅದು ಸೇರದು, ತೆಲುಗಿನ ಪಟ್ಟಿ ಮಾಡುವವರು ಇಲ್ಲಿಯವರನ್ನು ಕೇಳರು.

ಪಟ್ಟಿಗೆ ಬಾರದ ಹಾಡು

ಇಷ್ಟಾದರೂ ನಾವು ಮಾತಾಡುತ್ತಿರುವುದು ಪ್ಲೇಟು, ಕ್ಯಾಸೆಟ್ಟು, ಮೊಬೈಲುಗಳಿಗೆ ಹತ್ತಿದ ಹಾಡುಗಳ ಬಗ್ಗೆ ಮಾತ್ರ. ಅದರಾಚೆಗೆ ಏನಿದೆ ನೋಡಿ. ಶಿಶುನಾಳ ಶರೀಫರು ಕಾಲವಾದದ್ದು 1889ರಲ್ಲಿ. ಸಿ. ಅಶ್ವತ್ಥ್ ಅವರ ದನಿಯಲ್ಲಿ ಅವರ ಪದಗಳು ಕ್ಯಾಸೆಟ್ಟಿಗೆ ಬಂದು ನಾಡೆಲ್ಲ ಹರಡುವ ಎಷ್ಟೋ ಮುಂಚೆ ಉತ್ತರದ ಹಳ್ಳಿಗಳ ಭಜನಾ ಮಂಡಳಿಗಳು ಏಕತಾರಿ, ತಾಳಗಳೊಂದಿಗೆ ಅವನ್ನು ರಾತ್ರಿಯಿಡೀ ಹಾಡುತ್ತಿದ್ದವು. ‘ಭೀಮೇಶಕೃಷ್ಣ’ ಅಂಕಿತದ ಹರಪನಹಳ್ಳಿ ಭೀಮವ್ವ 19ನೆಯ ಶತಮಾನದವರು. ಅವರ ಹಾಡುಗಳು ತಾಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟಿ ಬಂದವು. 1997, 2018, 2021, ಹೀಗೆ ಕಾಲು ಶತಮಾನದಲ್ಲಿ ಹರಪನಹಳ್ಳಿಯ ಜಿಲ್ಲೆ ಮೂರು ಸಲ ಬದಲಾಯಿತು. ಭೀಮವ್ವನ ಹಾಡು ಮಾತ್ರ ಮನೆ ಬದಲಿಸಲಿಲ್ಲ. ಒಂದೂವರೆ ಶತಮಾನ ಬಾಳಿದ ಹಾಡು ‘ಹಿಟ್’ ಅಲ್ಲವೆಂದರೆ ಆ ಪದಕ್ಕೆ ಅರ್ಥವೇನು?

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಹೋದವರಿಗೆ ಇನ್ನೊಂದು ಬಗೆ ಗೊತ್ತು. ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಒಂದೇ ಸಾಲು, ಹಾಡೂ ಅಲ್ಲ. ಆದರೆ ಕತ್ತಲಾಗುವುದರೊಳಗೆ ಸುತ್ತಲಿನ ತಾಲ್ಲೂಕುಗಳ ಚಹಾದಂಗಡಿಗಳಿಗೆಲ್ಲ ಅದು ತಲುಪಿರುತ್ತದೆ, ಅರ್ಥದ ಬಗ್ಗೆ ಚರ್ಚೆಯೂ ಹತ್ತಿರುತ್ತದೆ. ಬಾಯಿಂದ ಬಾಯಿಗೆ ಹರಡುವ ಮಾತಿನ ವೇಗ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಡುಗಾರರ ವಿಷಯಕ್ಕೆ ಬಂದರೆ ಈ ಪಟ್ಟಿಗಳ ಜಗಳ ಬರೀ ತಮಾಷೆಯಾಗಿ ಉಳಿಯುವುದಿಲ್ಲ. ಪಕ್ಕದ ಸಂಡೂರು ಸೀಮೆಯ ದರೋಜಿ ಈರಮ್ಮ ಅಕ್ಷರ ಕಲಿತವರಲ್ಲ. ರಾತ್ರಿಗಟ್ಟಲೆ ಹಾಡುವಂಥ ಬುರ‍್ರಕಥೆಗಳನ್ನು ನೆನಪಿನಲ್ಲೇ ಹೊತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ವಿದ್ವಾಂಸರು ಅವರ ಕಥನಗಳನ್ನು ಬರೆದಿಟ್ಟುಕೊಂಡರು. 2014ರಲ್ಲಿ ಅವರು ತೀರಿಕೊಂಡಾಗ ಬರೆದಿಟ್ಟಷ್ಟು ಉಳಿಯಿತು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮೇಲೆ ಜೋಗತಿಯರ ಎಲ್ಲಮ್ಮನ ಪದಗಳತ್ತ ನಾಡು ತಿರುಗಿ ನೋಡಿತು. ಆ ಪದಗಳು ಅದಕ್ಕೆ ಮುಂಚೆಯೂ ಅಷ್ಟೇ ಚೆನ್ನಾಗಿದ್ದವು. ಲೆಕ್ಕಕ್ಕೆ ಮಾತ್ರ ಬಂದಿರಲಿಲ್ಲ.

ಪಟ್ಟಿಗೆ ಬಂದ ಹಾಡು ಮತ್ತೆ ಮತ್ತೆ ಕೇಳಿಸುತ್ತದೆ, ಹಾಡಿದವರಿಗೆ ಕಾರ್ಯಕ್ರಮ ಸಿಗುತ್ತದೆ. ಬಾರದ್ದಕ್ಕೆ ಎರಡೂ ಇಲ್ಲ. ಮದುವೆಯ ಚಪ್ಪರದಲ್ಲಿ ಡಿ.ಜೆ. ಶಬ್ದ ಎದ್ದಾಗ ಸೋಬಾನೆ ಹಾಡಲು ಕುಳಿತ ಮುದುಕಿಯರು ಬಾಯಿ ಮುಚ್ಚಿಕೊಳ್ಳುತ್ತಾರೆ. ಅವರ ಜೊತೆ ಹಾಡೂ ಹೋಗುತ್ತದೆ. ಹೋದದ್ದು ಯಾವ ಅಂಕಿಯಲ್ಲೂ ಕಾಣುವುದಿಲ್ಲ, ಇದ್ದದ್ದೇ ಕಂಡಿರಲಿಲ್ಲವಲ್ಲ!

ಪಟ್ಟಿಗಳನ್ನು ಸುಡಬೇಕಾಗಿಲ್ಲ. ಅವನ್ನು ಓದುವುದರಲ್ಲಿ ಖುಷಿಯಿದೆ, ಜಗಳವಾಡುವುದರಲ್ಲಿ ಇನ್ನೂ ಹೆಚ್ಚು. ಆದರೆ ‘ಸಾರ್ವಕಾಲಿಕ’ ಎಂಬ ಮಾತು ಕಂಡಾಗ ಮೂರು ಪ್ರಶ್ನೆ ಕೇಳಿ: ಯಾರನ್ನು ಕೇಳಿದರು? ಕೊಂಡದ್ದನ್ನು ಎಣಿಸಿದರೋ, ಕೇಳಿದ್ದನ್ನೋ, ಹಾಡಿದ್ದನ್ನೋ? ಯಾವ ವರ್ಷದಿಂದ ಎಣಿಸಿದರು? ಉತ್ತರ ಸಿಕ್ಕ ಮೇಲೆ ಮನೆಯ ಹಿರಿಯರ ಬಳಿ ಕುಳಿತು, ಅವರಿಗೆ ಬಾಯಿಪಾಠವಿರುವ ಹಾಡುಗಳನ್ನು ಹೇಳಿಸಿ. ಯಾರಿಂದ ಕಲಿತರು, ಯಾವ ಕೆಲಸದ ಹೊತ್ತಿನಲ್ಲಿ ಹಾಡುತ್ತಿದ್ದರು ಎಂಬುದನ್ನೂ ಬರೆದಿಡಿ. ಕೋಟಿ ಎಣಿಸುವ ಮೊಬೈಲಿಗೆ ಆ ಹಾಡನ್ನು ರೆಕಾರ್ಡು ಮಾಡುವುದೂ ಬರುತ್ತದೆ.