ಹೆಸರು ಕಾಣದ ಹೋಟೆಲಿಗೆ ಬೆಲೆ ಕೂಗಿದ ಕಾಲ

ಮಾರುವ ಸರಕುಗಳಲ್ಲಿ ಹೋಟೆಲ್ ರೂಮಿನಷ್ಟು ಬೇಗ ಹಾಳಾಗುವಂಥದ್ದು ಕಡಿಮೆ. ಇಂದು ರಾತ್ರಿ ಖಾಲಿ ಉಳಿದ ರೂಮನ್ನು ನಾಳೆ ಎರಡು ಸಲ ಮಾರುವಂತಿಲ್ಲ. ಬೆಳಗಾಗುವಷ್ಟರಲ್ಲಿ ಆ ರಾತ್ರಿಯ ಬೆಲೆ ಸೊನ್ನೆ. ಕಟ್ಟಡದ ಸಾಲ, ಸಿಬ್ಬಂದಿಯ ಸಂಬಳ, ಕಾವಲು, ಲಿಫ್ಟು ಇವುಗಳ ಖರ್ಚು ರೂಮು ತುಂಬಿದರೂ ಅಷ್ಟೇ, ತುಂಬದಿದ್ದರೂ ಅಷ್ಟೇ. ಇನ್ನೊಬ್ಬ ಅತಿಥಿ ಬಂದರೆ ಹೆಚ್ಚಿಗೆ ತಗಲುವುದು ಹಾಸಿಗೆ ಬಟ್ಟೆ ಒಗೆಸುವ, ರೂಮು ಗುಡಿಸಿ ಒರೆಸುವ, ಬಿಸಿನೀರು ಮತ್ತು ಕರೆಂಟಿನ ಖರ್ಚು ಮಾತ್ರ. ಆದ್ದರಿಂದ 150 ಡಾಲರಿನ ರೂಮನ್ನು 70 ಡಾಲರಿಗೆ ಕೊಟ್ಟರೂ, ಖಾಲಿ ಬಿಡುವುದಕ್ಕಿಂತ ಹೋಟೆಲಿಗೆ ಅದೇ ಲಾಭ. ಹಾಗಿದ್ದೂ ಕೊಡಲು ಹಿಂಜರಿಯುವುದಕ್ಕೆ ಕಾರಣ ಒಂದೇ: 70ಕ್ಕೆ ಕೊಟ್ಟ ಸುದ್ದಿ 150 ಕೊಡಲು ಸಿದ್ಧನಿರುವವನ ಕಿವಿಗೆ ಬಿದ್ದರೆ ಅವನೂ 70ಕ್ಕೇ ಕೇಳುತ್ತಾನೆ. ಸಂತೆ ಮುಗಿಯುವ ಹೊತ್ತಿಗೆ ಸೊಪ್ಪಿನವಳು ಉಳಿದ ಕಟ್ಟುಗಳ ಬೆಲೆ ಇಳಿಸಿ ಎಲ್ಲರಿಗೂ ಕೇಳುವಂತೆ ಕೂಗಬಹುದು. ಪೂರ್ತಿ ಬೆಲೆ ಕೊಟ್ಟವರು ಅಷ್ಟರಲ್ಲಿ ಮನೆ ಸೇರಿರುತ್ತಾರೆ. ಹೋಟೆಲಿಗೆ ಆ ಅನುಕೂಲವಿಲ್ಲ. ಅದು ಬೆಲೆ ಇಳಿಸಬೇಕು, ಆದರೆ ಇಳಿಸಿದ್ದು ಯಾರಿಗೂ ಕಾಣಬಾರದು.

ಈ ಇಕ್ಕಟ್ಟಿಗೆ ಅಮೆರಿಕದಲ್ಲಿ ಸಿಕ್ಕ ಉತ್ತರವೇ ಬಿಡ್ ಮಾಡಿ ರೂಮು ಹಿಡಿಯುವ ಜಾಲತಾಣ. ಜೇ ವಾಕರ್ ಎಂಬ ಉದ್ಯಮಿ ಕನೆಕ್ಟಿಕಟ್ ರಾಜ್ಯದಲ್ಲಿ ಕಟ್ಟಿದ ಪ್ರೈಸ್‌ಲೈನ್ ಸಂಸ್ಥೆ 1998ರ ಏಪ್ರಿಲ್‌ನಲ್ಲಿ ವಿಮಾನ ಟಿಕೆಟ್‌ಗಳಿಂದ ವ್ಯಾಪಾರ ಶುರುಮಾಡಿ, ಅದೇ ವರ್ಷ ಹೋಟೆಲ್ ರೂಮುಗಳಿಗೂ ಕೈಹಾಕಿತು. ‘ನಿಮ್ಮ ಬೆಲೆ ನೀವೇ ಹೇಳಿ’ ಎನ್ನುವುದು ಅದರ ಘೋಷಣೆ. ಈ ವಿಧಾನಕ್ಕೆ 1998ರಲ್ಲೇ ಅಮೆರಿಕದ ಪೇಟೆಂಟ್ ಕೂಡ ದೊರೆಯಿತು. ಮೈಕ್ರೋಸಾಫ್ಟಿನ ಪ್ರಯಾಣ ತಾಣ ಎಕ್ಸ್‌ಪೀಡಿಯಾ ಇದನ್ನು ನಕಲು ಮಾಡಿದೆಯೆಂದು ಮರುವರ್ಷ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡುವಷ್ಟು ಪ್ರೈಸ್‌ಲೈನ್ ಪೇಟೆಂಟನ್ನು ಬೆಲೆಯುಳ್ಳದ್ದೆಂದು ತಿಳಿದಿತ್ತು. 2000ದಲ್ಲಿ ಕೆಲವು ವಿಮಾನ ಸಂಸ್ಥೆಗಳ ಬಂಡವಾಳದಿಂದ ಹಾಟ್‌ವೈರ್ ಬಂತು. ಅಲ್ಲಿ ಬಿಡ್ ಇರಲಿಲ್ಲ, ಬೆಲೆಯನ್ನು ತೋರಿಸುತ್ತಿದ್ದರು. ಆದರೆ ಹೋಟೆಲಿನ ಹೆಸರು ಮಾತ್ರ ದುಡ್ಡು ಕಟ್ಟಿದ ಮೇಲೆಯೇ. ಎರಡರ ಜೀವಾಳವೂ ಒಂದೇ, ಹೆಸರನ್ನು ಮುಚ್ಚಿಡುವುದು. ಹೆಸರು ಕಾಣದಿದ್ದರೆ ಕಡಿಮೆ ಬೆಲೆ ಯಾವ ಹೋಟೆಲಿನದೆಂದು ಪೂರ್ತಿ ಬೆಲೆಯ ಗಿರಾಕಿಗೆ ಗೊತ್ತಾಗುವುದಿಲ್ಲ.

ಬಿಡ್ ವ್ಯವಸ್ಥೆ ನಡೆಯುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವವರು ಊರು, ತಾರೀಖು ಹಾಕಿದರೆ ನಗರವನ್ನು ವಲಯಗಳಾಗಿ ಸೀಳಿದ ನಕ್ಷೆ ತೆರೆದುಕೊಳ್ಳುತ್ತಿತ್ತು. ಯೂನಿಯನ್ ಸ್ಕ್ವೇರ್ ಸುತ್ತಮುತ್ತಲಿನ ವಲಯವನ್ನು ಆರಿಸಿ, ನಾಲ್ಕು ಸ್ಟಾರ್ ಬೇಕೆಂದು ಗುರುತು ಹಾಕಿ, ರಾತ್ರಿಗೆ ಇಷ್ಟು ಡಾಲರ್ ಎಂದು ಬರೆದು, ಕ್ರೆಡಿಟ್ ಕಾರ್ಡ್ ಸಂಖ್ಯೆ ಕೊಡಬೇಕು. ತೆರಿಗೆ, ಸೇವಾ ಶುಲ್ಕ ಸೇರಿಸಿದ ಒಟ್ಟು ಮೊತ್ತ ಮುಂದಿನ ಪುಟದಲ್ಲಿ ಬರುತ್ತಿತ್ತು. ಬಿಡ್ ಒಪ್ಪಿಗೆಯಾದರೆ ಕಾರ್ಡಿನಿಂದ ಹಣ ತಕ್ಷಣ ಹೋಗುತ್ತದೆ, ರದ್ದುಮಾಡುವಂತಿಲ್ಲ, ಹಣ ವಾಪಸಿಲ್ಲ ಎಂಬ ಷರತ್ತಿಗೆ ಒಪ್ಪಿದ ಮೇಲೆಯೇ ಬಿಡ್ ಸಲ್ಲುತ್ತಿದ್ದದ್ದು. ಸ್ವಲ್ಪ ಹೊತ್ತಿನಲ್ಲಿ ಉತ್ತರ ಬರುತ್ತಿತ್ತು. ಒಪ್ಪಿಗೆಯಾದರೆ ಹೋಟೆಲಿನ ಹೆಸರು, ಇಲ್ಲವಾದರೆ ನಿರಾಕರಣೆ. ಅದೇ ಬೇಡಿಕೆಗೆ ಬೆಲೆ ಏರಿಸಿ ಮತ್ತೆ ಕೂಗಲು 24 ಗಂಟೆ ಕಾಯಬೇಕು. ವಲಯವನ್ನೋ ಸ್ಟಾರನ್ನೋ ತಾರೀಖನ್ನೋ ಬದಲಿಸಿದರೆ ಮಾತ್ರ ಕೂಡಲೇ ಇನ್ನೊಂದು ಅವಕಾಶ. ಅನುಭವಸ್ಥರು ಇದರಲ್ಲೇ ಒಂದು ದಾರಿ ಕಂಡುಕೊಂಡರು. ನಾಲ್ಕು ಸ್ಟಾರಿನ ಹೋಟೆಲೇ ಇಲ್ಲದ ಇನ್ನೊಂದು ವಲಯವನ್ನು ಪಟ್ಟಿಗೆ ಸೇರಿಸಿದರೆ ಜಾಲತಾಣದ ಲೆಕ್ಕದಲ್ಲಿ ಅದು ಹೊಸ ಬೇಡಿಕೆ, ಆದರೆ ಬಿಡ್ ಗೆದ್ದರೆ ರೂಮು ಸಿಗುವುದು ಮೊದಲು ಬಯಸಿದ ವಲಯದಲ್ಲೇ. ಹೀಗೆ ಐದೈದು ಡಾಲರ್ ಏರಿಸುತ್ತಾ ಹೋಗಿ, ಹೋಟೆಲ್ ಒಪ್ಪುವ ಅತಿ ಕಡಿಮೆ ಬೆಲೆಯ ಹತ್ತಿರ ಬಂದು ನಿಲ್ಲುವುದು ಸಾಧ್ಯವಿತ್ತು.

ಇದನ್ನು ಹರಾಜು ಎಂದು ಕರೆಯುವ ರೂಢಿ ಬಂದಿತಾದರೂ ನಿಜವಾದ ಹರಾಜಿನ ಲಕ್ಷಣ ಇದಕ್ಕಿರಲಿಲ್ಲ. ಹರಾಜಿನಲ್ಲಿ ಪಕ್ಕದವನ ಕೂಗು ಕೇಳುತ್ತದೆ, ಅದಕ್ಕೆ ತಕ್ಕಂತೆ ನಮ್ಮ ಕೂಗು. ಇಲ್ಲಿ ಬೇರೆ ಪ್ರಯಾಣಿಕರ ಜೊತೆ ಸ್ಪರ್ಧೆಯೇ ಇರಲಿಲ್ಲ. ಹೋಟೆಲುಗಳು ತಮಗೆ ಸಾಕಾಗುವ ದರವನ್ನು ಮೊದಲೇ ಗುಟ್ಟಾಗಿ ಜಾಲತಾಣಕ್ಕೆ ಕೊಟ್ಟಿರುತ್ತಿದ್ದವು. ನಮ್ಮ ಬಿಡ್ ಅದಕ್ಕಿಂತ ಸಾಕಷ್ಟು ಮೇಲಿದ್ದರೆ ಗೆಲುವು. ಹೋಟೆಲಿನ ದರ 55 ಇದ್ದು ನಾವು 80 ಎಂದರೆ ನಡುವಿನ 25 ಡಾಲರ್ ಜಾಲತಾಣದ ಪಾಲು. ಅಂದರೆ ಪ್ರಯಾಣಿಕರು ಮಾಡುತ್ತಿದ್ದದ್ದು ಕಾಣದ ಒಂದು ಸಂಖ್ಯೆಯನ್ನು ಊಹಿಸುವ ಕೆಲಸ. ಇಷ್ಟಾದರೂ ನನ್ನ ವಾದ ಇದು: ಈ ವಿಧಾನ ಇಂದಿನ ಬುಕಿಂಗ್ ಆ್ಯಪ್‌ಗಳಿಗಿಂತ ನೇರವಾದ ವ್ಯವಹಾರವಾಗಿತ್ತು. ತಾನು ಏನನ್ನು ಮುಚ್ಚಿಡುತ್ತೇನೆ ಎಂಬುದನ್ನು ಅದು ದುಡ್ಡು ಕಟ್ಟುವ ಮೊದಲೇ ಹೇಳುತ್ತಿತ್ತು. ಹೆಸರು ತಿಳಿಯುವ ಹಕ್ಕು ಮತ್ತು ಮನಸ್ಸು ಬದಲಿಸುವ ಹಕ್ಕು, ಈ ಎರಡನ್ನು ಬಿಟ್ಟುಕೊಡಿ, ಬದಲಿಗೆ ರಿಯಾಯಿತಿ ತೆಗೆದುಕೊಳ್ಳಿ ಎಂಬ ಕರಾರು ಅದು. ಬಿಟ್ಟದ್ದೇನು, ಪಡೆದದ್ದೇನು ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು.

ಇದಕ್ಕೆ ಮೊದಲ ಆಕ್ಷೇಪ ಎಲ್ಲರಿಗೂ ಹೊಳೆಯುವಂಥದ್ದೇ. ಗುಟ್ಟಿನ ದರ ಜಾಲತಾಣಕ್ಕೆ ಗೊತ್ತು, ಗಿರಾಕಿಗೆ ಗೊತ್ತಿಲ್ಲ. ಹಾಗಿರುವಾಗ ವ್ಯವಹಾರ ಸಮನಾದದ್ದು ಹೇಗೆ? ಸಮನಾಗಿರಲಿಲ್ಲ, ನಿಜ. ತಿಳಿಯದವರು ಹೆಚ್ಚು ಕೂಗಿ ಹೆಚ್ಚು ತೆತ್ತರು. ಆದರೆ ಆ ನಷ್ಟಕ್ಕೆ ಒಂದು ಮೇಲ್ಮಿತಿ ಇತ್ತು, ಅದನ್ನು ಹಾಕಿಕೊಂಡವರು ಗಿರಾಕಿಗಳೇ. ತಾವು ಬರೆದ ಸಂಖ್ಯೆ, ಅದಕ್ಕೆ ಮೊದಲೇ ತೋರಿಸಿದ ತೆರಿಗೆ ಮತ್ತು ಶುಲ್ಕ, ಇಷ್ಟನ್ನು ಮೀರಿ ಜಾಲತಾಣ ಒಂದು ಡಾಲರನ್ನೂ ಕೀಳುವಂತಿರಲಿಲ್ಲ. ಬೇರೆ ತಾಣಗಳಲ್ಲಿ ಅದೇ ದರ್ಜೆಯ ರೂಮಿಗೆ ಎಷ್ಟಿದೆಯೆಂದು ನೋಡಿಕೊಂಡು, ಅದಕ್ಕಿಂತ ಬಹಳ ಕೆಳಗಿನಿಂದ ಶುರುಮಾಡಿ, ತಮ್ಮ ಮಿತಿ ಬಂದಾಗ ನಿಲ್ಲಿಸುವ ಸಂಯಮವಿದ್ದವರಿಗೆ ಮೋಸವಾಗುವ ಸಂದರ್ಭ ಕಡಿಮೆ. ಜೊತೆಗೆ, ಗೆದ್ದ ಬೆಲೆಗಳನ್ನು ಪ್ರಯಾಣಿಕರು ಪರಸ್ಪರ ಹಂಚಿಕೊಳ್ಳತೊಡಗಿದ ಮೇಲೆ ಗುಟ್ಟು ಬಹುಮಟ್ಟಿಗೆ ಬಯಲಾಯಿತು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಯಾವ ಹೋಟೆಲೆಂದು ತಿಳಿಯದೆ, ರದ್ದುಮಾಡುವ ದಾರಿಯೂ ಇಲ್ಲದೆ ಹಣ ಕಟ್ಟಲು ಎಲ್ಲರಿಗೂ ಆಗುವುದಿಲ್ಲ. ಇಬ್ಬರು ಮಲಗುವ ರೂಮು ಸಿಗುತ್ತದೆಂಬುದಷ್ಟೇ ಖಾತ್ರಿ; ಒಂದು ದೊಡ್ಡ ಮಂಚವೋ ಎರಡು ಬೇರೆ ಮಂಚಗಳೋ ಎಂಬುದು ಹೋಟೆಲಿನವರ ಇಷ್ಟ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ಅಮೆರಿಕದಲ್ಲಿರುವ ಮಗಳ ಮನೆಗೆ ಬೆಂಗಳೂರಿನಿಂದ ಬಂದು ನಡುವೆ ಊರು ನೋಡಲು ಹೊರಟ ವಯಸ್ಸಾದ ತಂದೆತಾಯಿಗೆ ಇದು ತಕ್ಕದ್ದಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಇನ್ನೊಂದು ಕೊರತೆಯೂ ಇತ್ತು: ಕೆಲವು ಹೋಟೆಲುಗಳು ‘ರೆಸಾರ್ಟ್ ಶುಲ್ಕ’ ಎಂದು ಬಾಗಿಲಲ್ಲಿ ಬೇರೆ ಹಣ ಕೇಳುತ್ತಿದ್ದವು, ಅದು ಬಿಡ್‌ನಲ್ಲಿ ಸೇರಿರುತ್ತಿರಲಿಲ್ಲ. ಕರಾರಿನ ನೇರತನಕ್ಕೆ ಧಕ್ಕೆ ತಂದದ್ದು ಇದೇ. ಇಂಥ ಶುಲ್ಕ ದಾರಿ ತಪ್ಪಿಸುವಂತಿರಬಹುದೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿ 22 ಹೋಟೆಲ್ ಸಂಸ್ಥೆಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಎಲ್ಲ ಕಡ್ಡಾಯ ಶುಲ್ಕ ಸೇರಿಸಿದ ಒಟ್ಟು ಬೆಲೆಯನ್ನೇ ಮೊದಲು ತೋರಿಸಬೇಕೆಂಬ ನಿಯಮ ಜಾರಿಗೆ ಬಂದದ್ದು 2025ರ ಮೇ ತಿಂಗಳಲ್ಲಿ.

ಇಷ್ಟು ಲಾಭದ ವಿಧಾನ ಹಿಂದೆ ಸರಿದದ್ದೇಕೆ? ಅದರ ಒಡೆಯರೇ ಇನ್ನೂ ದೊಡ್ಡ ಲಾಭದ ದಾರಿ ಕಂಡರು. ಪ್ರೈಸ್‌ಲೈನ್ 2005ರಲ್ಲಿ ನೆದರ್ಲೆಂಡ್ಸಿನ ಬುಕಿಂಗ್ ಡಾಟ್ ಕಾಮ್ ಅನ್ನು ಕೊಂಡಿತು. ಅಲ್ಲಿ ಹೆಸರು, ಫೋಟೋ, ಅತಿಥಿಗಳ ಅಭಿಪ್ರಾಯ ಎಲ್ಲವೂ ಕಾಣುತ್ತಿದ್ದವು, ಎಷ್ಟೋ ರೂಮುಗಳನ್ನು ಹಣ ಕಟ್ಟದೆಯೇ ಕಾದಿರಿಸಬಹುದಿತ್ತು, ಹೋಟೆಲಿನಿಂದ ಕಮಿಷನ್ ಬರುತ್ತಿತ್ತು. ಜನ ಅದನ್ನೇ ಮೆಚ್ಚಿದರು. 2012ರಲ್ಲಿ ಪ್ರೈಸ್‌ಲೈನ್ ತಾನೂ ಬಿಡ್ ಇಲ್ಲದೆ, ಬೆಲೆ ತೋರಿಸಿ ಹೆಸರು ಮುಚ್ಚುವ ‘ಎಕ್ಸ್‌ಪ್ರೆಸ್ ಡೀಲ್ಸ್’ ತಂದಿತು. 2016ರಲ್ಲಿ ವಿಮಾನ ಟಿಕೆಟ್‌ಗಳ ಬಿಡ್ ನಿಂತಿತು. 2018ರಲ್ಲಿ ಇಡೀ ಸಮೂಹದ ಹೆಸರೇ ಬುಕಿಂಗ್ ಹೋಲ್ಡಿಂಗ್ಸ್ ಎಂದಾಯಿತು. ಹೆಸರು ಮುಚ್ಚಿದ ಮಾರಾಟ ಬದಿಗೆ ಸರಿದು, ಎಲ್ಲವನ್ನೂ ತೆರೆದಿಟ್ಟಂತೆ ಕಾಣುವ ಮಾರಾಟ ಗೆದ್ದಿತು.

ಆದರೆ ತೆರೆದಿಟ್ಟಂತೆ ಕಾಣುವುದು ಬೇರೆ, ತೆರೆದಿಡುವುದು ಬೇರೆ. ಬ್ರಿಟನ್ನಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ ಹೋಟೆಲ್ ಬುಕಿಂಗ್ ತಾಣಗಳ ಬಗ್ಗೆ ತನಿಖೆ ನಡೆಸಿ ನಾಲ್ಕು ಸಂಗತಿಗಳನ್ನು ಪ್ರಶ್ನಿಸಿತು: ಪಟ್ಟಿಯಲ್ಲಿ ಯಾವ ಹೋಟೆಲ್ ಮೇಲೆ ಬರುತ್ತದೆಂಬುದರಲ್ಲಿ ಕಮಿಷನ್ನಿನ ಪಾತ್ರ, ಗಿರಾಕಿಯನ್ನು ಅವಸರಪಡಿಸುವ ಸಂದೇಶಗಳು, ನಂಬಲಾಗದ ರಿಯಾಯಿತಿಯ ಲೆಕ್ಕ, ಕೊನೆಗೆ ಹೊರಬರುವ ಶುಲ್ಕ. ಬುಕಿಂಗ್ ಡಾಟ್ ಕಾಮ್, ಅಗೋಡಾ, ಎಕ್ಸ್‌ಪೀಡಿಯಾ, ಟ್ರಿವಾಗೋ ಸೇರಿ ಆರು ತಾಣಗಳು ತಮ್ಮ ಪದ್ಧತಿ ಬದಲಿಸುವುದಾಗಿ 2019ರಲ್ಲಿ ಒಪ್ಪಿದವು. ಆಸ್ಟ್ರೇಲಿಯಾದಲ್ಲಿ ಟ್ರಿವಾಗೋ ಅತಿ ಅಗ್ಗದ ದರವನ್ನು ತೋರಿಸುವುದಾಗಿ ಹೇಳಿಕೊಂಡು, ತನಗೆ ಹೆಚ್ಚು ಹಣ ಕೊಡುವ ಜಾಹೀರಾತುದಾರರ ದರಕ್ಕೆ ಆದ್ಯತೆ ಕೊಟ್ಟಿತೆಂದು ನ್ಯಾಯಾಲಯ ಕಂಡುಕೊಂಡು, 2022ರಲ್ಲಿ 4.47 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್–ಗೋಐಬಿಬೋಗೆ 223.48 ಕೋಟಿ ರೂಪಾಯಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಆಯೋಗ ತಪ್ಪೆಂದು ಕಂಡ ಸಂಗತಿಗಳಲ್ಲಿ, ಹೋಟೆಲಿನವರು ಬೇರೆಡೆ ಕಡಿಮೆ ಬೆಲೆಗೆ ರೂಮು ಮಾರಕೂಡದೆಂದು ಕಟ್ಟಿಹಾಕುವ ಷರತ್ತೂ ಒಂದು. ಹೆಸರು ಮುಚ್ಚಿದ ಮಾರಾಟಕ್ಕೆ ಇಂಥ ಕಟ್ಟು ಸಾಮಾನ್ಯವಾಗಿ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಹೋಟೆಲಿಗೆ ಅದೊಂದು ಉಸಿರಾಡುವ ಜಾಗವಾಗಿತ್ತು. ಹಳೆಯ ಬಿಡ್ ತಾಣ ಹೋಟೆಲಿನ ಹೆಸರನ್ನು ಮುಚ್ಚಿಟ್ಟಿತು, ಮುಚ್ಚಿಟ್ಟಿದ್ದೇನೆ ಎಂದೂ ಹೇಳಿತು. ಇಂದಿನ ತಾಣಗಳಲ್ಲಿ ಹೆಸರು ಕಾಣುತ್ತದೆ, ಬೆಲೆ ಹಾಗೆ ಯಾಕಿದೆ ಎಂಬುದು ಕಾಣುವುದಿಲ್ಲ.

ಹಾಗೆಂದು ಇಂದಿನ ಅನುಕೂಲಗಳನ್ನು ತಳ್ಳಿಹಾಕಲಾಗದು. ಇತರರ ಅಭಿಪ್ರಾಯ ಓದಿ, ರೂಮಿನ ಫೋಟೋ ನೋಡಿ, ಹಿಂದಿನ ದಿನದವರೆಗೂ ರದ್ದುಮಾಡುವ ಸೌಲಭ್ಯ ಇರಿಸಿಕೊಂಡು ಕಾದಿರಿಸುವುದು ನಿಜವಾದ ನೆಮ್ಮದಿ. ಆದರೆ ಆ ನೆಮ್ಮದಿ ಪುಕ್ಕಟೆಯಲ್ಲ. ಒಂದೇ ರೂಮಿಗೆ ರದ್ದುಮಾಡಬಹುದಾದ ದರ, ರದ್ದುಮಾಡಲಾಗದ ದರ ಎಂದು ಎರಡು ಬೆಲೆ ಇರುವುದನ್ನು ಯಾವ ಆ್ಯಪ್‌ನಲ್ಲಾದರೂ ನೋಡಬಹುದು. ಆ ಎರಡರ ನಡುವಿನ ವ್ಯತ್ಯಾಸವೇ ಮನಸ್ಸು ಬದಲಿಸುವ ಹಕ್ಕಿನ ಬೆಲೆ. ಬಿಡ್ ಪದ್ಧತಿ ಕಲಿಸಿದ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಗ್ಗದ ದರ ಕಂಡಾಗ ಮೊದಲು ಕೇಳಬೇಕಾದದ್ದು ‘ಇದಕ್ಕಾಗಿ ನಾನು ಏನನ್ನು ಬಿಟ್ಟುಕೊಡುತ್ತಿದ್ದೇನೆ’ ಎಂದು. ತೆರಿಗೆ, ಶುಲ್ಕ ಸೇರಿದ ಒಟ್ಟು ಮೊತ್ತವನ್ನೇ ಹೋಲಿಸಬೇಕು. ಆ್ಯಪ್‌ನಲ್ಲಿ ದರ ನೋಡಿಕೊಂಡು ಹೋಟೆಲಿಗೇ ಫೋನ್ ಮಾಡಿ ಕೇಳುವುದರಲ್ಲಿ ಸಂಕೋಚಪಡಬೇಕಿಲ್ಲ. ಕಮಿಷನ್ ಉಳಿಯುವುದರಿಂದ ಅವರಿಗೂ ಕಡಿಮೆ ಮಾಡಲು ಅವಕಾಶವಿರುತ್ತದೆ. ‘ಇನ್ನು ಒಂದೇ ರೂಮು ಉಳಿದಿದೆ’ ಎಂಬ ಕೆಂಪಕ್ಷರಕ್ಕೆ ಬೆದರಬಾರದು. ಸುಳ್ಳು ಅವಸರ ಹುಟ್ಟಿಸುವುದನ್ನೂ ಕೊನೆಯ ಹಂತದಲ್ಲಿ ಶುಲ್ಕ ಸೇರಿಸುವುದನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ, ಅಂಥದ್ದು ಕಂಡರೆ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಒಂದೇ ರೂಮಿಗೆ ಹತ್ತು ಜನರಿಂದ ಹತ್ತು ಬೆಲೆ ಪಡೆಯುವುದು ಹೋಟೆಲ್ ವ್ಯಾಪಾರದ ಸ್ವಭಾವ, ಅದು ಬದಲಾಗುವುದಿಲ್ಲ. ಖಾಲಿ ರೂಮು ತುಂಬುವುದರಿಂದ ಹೋಟೆಲಿಗೂ ಲಾಭ, ಕೈ ಬಿಗಿಯಿರುವ ಪ್ರಯಾಣಿಕರಿಗೂ ಲಾಭ. ಕೇಳಬೇಕಾದದ್ದು ಒಂದೇ ಬೆಲೆಯನ್ನಲ್ಲ, ಬೆಲೆಯ ಷರತ್ತು ಮೊದಲೇ ಕಣ್ಣಿಗೆ ಕಾಣುವಂತಿರುವುದನ್ನು. ಇಪ್ಪತ್ತೈದು ವರ್ಷದ ಹಿಂದೆ ಹೆಸರು ಮುಚ್ಚಿ ಮಾರಿದ ತಾಣಗಳು ಪಾಲಿಸಿದ ಅಷ್ಟು ನಿಯತ್ತನ್ನು ಹೆಸರು ತೋರಿಸಿ ಮಾರುವ ಇಂದಿನ ತಾಣಗಳಿಂದ ಕೇಳುವ ಹಕ್ಕು ನಮಗಿದೆ.