ಹಡಗಿನ ಪಂಕ್ತಿಯೂ ಹಡಗಿನ ಮಡಿಯೂ

ಗೃಹಸ್ಥನು ಮನೆಮಂದಿಯೊಡನೆ ಪರಸ್ಥಳಕ್ಕೆ ಹೊರಟಾಗ ಹುಟ್ಟುವ ಪ್ರಶ್ನೆಗಳು ಮುಖ್ಯವಾಗಿ ಎರಡು: ಊಟಕ್ಕೆ ಏನು ಗತಿ, ಉಡುವುದಕ್ಕೆ ಏನನ್ನು ಒಯ್ಯಬೇಕು. ನಮ್ಮ ಹಿರಿಯರು ಒಂದು ಗಂಟಿನಲ್ಲಿ ಬುತ್ತಿಯನ್ನೂ ಇನ್ನೊಂದು ಗಂಟಿನಲ್ಲಿ ಮಡಿಯನ್ನೂ ಕಟ್ಟಿಕೊಂಡು ಈ ಎರಡಕ್ಕೂ ಉತ್ತರ ಕಂಡುಕೊಂಡಿದ್ದರು. ಈಚಿನ ವರ್ಷಗಳಲ್ಲಿ ನಮ್ಮವರು ಕ್ರೂಸ್ ಎಂದು ಕರೆಯುವ ವಿಹಾರನೌಕೆಯನ್ನು ಸಂಸಾರಸಮೇತರಾಗಿ ಏರುವುದು ಬಳಕೆಗೆ ಬಂದಿದೆ. ಮಕ್ಕಳು ಹೊರದೇಶದಲ್ಲಿ ಉದ್ಯೋಗದಲ್ಲಿರುವ ಮನೆಗಳಲ್ಲಂತೂ ತಂದೆತಾಯಿಗಳಿಗೆ ಇಂತಹದೊಂದು ಯಾತ್ರೆ ತಪ್ಪಿದ್ದಲ್ಲ. ಹೊರಡುವ ಮುನ್ನ ಹಲವರು ನಮ್ಮಲ್ಲಿಗೆ ಬಂದು ಆ ಹಳೆಯ ಪ್ರಶ್ನೆಗಳೆರಡನ್ನೇ ಕೇಳುತ್ತಾರೆ. ಆದಕಾರಣ ನಮಗೆ ತಿಳಿದಷ್ಟನ್ನು ವಾಚಕ ಮಹಾಶಯರ ಮುಂದೆ ಇಡುವೆವು. ನಾವು ಮಾಡಿದ ಒಂದು ತಪ್ಪನ್ನೂ ಮರೆಮಾಚದೆ ಹೇಳುವೆವು.

ಮೊದಲು ಊಟದ ಏರ್ಪಾಡು. ದೊಡ್ಡ ನೌಕೆಯೊಂದರಲ್ಲಿ ಎರಡು ಮೂರು ಸಾವಿರ ಪ್ರಯಾಣಿಕರಿರುವುದು ಸಾಮಾನ್ಯ. ಇಷ್ಟು ಮಂದಿಯನ್ನು ಒಂದೇ ಸಲಕ್ಕೆ ಕೂರಿಸಿ ಬಡಿಸುವುದು ಸಾಧ್ಯವಿಲ್ಲವಷ್ಟೆ. ಮದುವೆಯ ಮನೆಯಲ್ಲಿ ನಾವು ಏನು ಮಾಡುತ್ತೇವೆ? ಮೊದಲ ಪಂಕ್ತಿ, ಎರಡನೆಯ ಪಂಕ್ತಿ ಎಂದು ಮಾಡುತ್ತೇವೆ. ಹಡಗಿನವರು ಮಾಡುವುದೂ ಅದನ್ನೇ. ಮುಖ್ಯ ಭೋಜನಶಾಲೆಯಲ್ಲಿ ಸಂಜೆ ಸುಮಾರು 6 ಗಂಟೆಗೆ ಒಂದು ಪಂಕ್ತಿ, 8 ಗಂಟೆಯ ತರುವಾಯ ಇನ್ನೊಂದು. ಯಾತ್ರೆ ಮುಗಿಯುವವರೆಗೂ ಒಂದು ಕುಟುಂಬಕ್ಕೆ ಒಂದೇ ಮೇಜು, ಅದೇ ಬಡಿಸುವವರು. ಎರಡನೆಯ ರಾತ್ರಿಯ ಹೊತ್ತಿಗೆ ಬಡಿಸುವವನಿಗೆ ನಿಮ್ಮ ಮೊಮ್ಮಗನ ಹಠವೂ ಸೊಸೆಯ ಇಷ್ಟವೂ ಗೊತ್ತಾಗಿರುತ್ತವೆ. ಇದೇ ಹಳೆಯ ಪದ್ಧತಿ. 2000ನೆಯ ವರ್ಷದಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ಎಂಬ ಸಂಸ್ಥೆಯು ಗೊತ್ತಾದ ವೇಳೆಯೂ ಗೊತ್ತಾದ ಮೇಜೂ ಬೇಡ, ಇಷ್ಟ ಬಂದಾಗ ಬಂದು ಉಣ್ಣಬಹುದೆಂಬ ಹೊಸ ಪದ್ಧತಿಯನ್ನು ಬಳಕೆಗೆ ತಂದಿತು. ಈಗ ಅನೇಕ ಸಂಸ್ಥೆಗಳಲ್ಲಿ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

ಇದಲ್ಲದೆ ಮೇಲಿನ ಅಂತಸ್ತಿನಲ್ಲಿ ಬಫೆ ಉಂಟು. ಅಲ್ಲಿ ತಟ್ಟೆ ಹಿಡಿದು ತಾವೇ ಬಡಿಸಿಕೊಳ್ಳಬೇಕು, ಸಿಕ್ಕಿದೆಡೆ ಕೂರಬೇಕು. ಪ್ರತ್ಯೇಕವಾಗಿ ಹಣ ತೆತ್ತು ಉಣ್ಣುವ ಸಣ್ಣ ಭೋಜನಗೃಹಗಳೂ ಇರುತ್ತವೆ. ಮುಖ್ಯ ಭೋಜನಶಾಲೆಯ ಊಟವೂ ಬಫೆಯ ಊಟವೂ ಸಾಧಾರಣವಾಗಿ ಟಿಕೆಟ್ಟಿನ ಹಣದಲ್ಲಿಯೇ ಸೇರಿರುತ್ತವೆ.

ಇನ್ನು ಉಡುಪಿನ ಮಾತು. ಪ್ರತಿದಿನವೂ ಕೋಣೆಗೆ ಬರುವ ದಿನಚರಿಯ ಹಾಳೆಯಲ್ಲಿಯೋ ಕೈಫೋನಿನಲ್ಲಿಯೋ ಆ ಸಂಜೆಯ ಉಡುಪು ಇಂಥದೆಂದು ಸೂಚನೆ ಇರುತ್ತದೆ. ಹಲವು ರಾತ್ರಿಗಳಲ್ಲಿ ಅಚ್ಚುಕಟ್ಟಾದ ಸಾಮಾನ್ಯ ಉಡುಪು ಸಾಕು. ಒಂದೆರಡು ರಾತ್ರಿಗಳಲ್ಲಿ ಮಾತ್ರ ಫಾರ್ಮಲ್ ಎನ್ನುವ ಸಂಭ್ರಮದ ಉಡುಪನ್ನು ಅಪೇಕ್ಷಿಸುತ್ತಾರೆ. ಈಜುಡುಗೆ, ತೋಳಿಲ್ಲದ ಬನಿಯನ್ನು ಇವುಗಳಿಗೆ ರಾತ್ರಿಯ ಭೋಜನಶಾಲೆಯಲ್ಲಿ ಪ್ರವೇಶವಿಲ್ಲ. ಅರ್ಧ ಚಡ್ಡಿಗೂ ಬಹಳ ಕಡೆ ನಿಷೇಧವುಂಟು. 2004ರಲ್ಲಿ ಸಂಚಾರವನ್ನಾರಂಭಿಸಿದ ಕ್ಯೂನಾರ್ಡ್ ಸಂಸ್ಥೆಯ ‘ಕ್ವೀನ್ ಮೇರಿ 2’ ಎಂಬ ನೌಕೆಯಲ್ಲಿ ಈ ಕಟ್ಟಳೆ ಇಂದಿಗೂ ಬಲವಾಗಿದೆ. ಅಲ್ಲಿ ಸಂಜೆ 6 ಗಂಟೆಯ ಅನಂತರ ಉಡುಪಿನ ನಿಯಮ ಜಾರಿಗೆ ಬರುತ್ತದೆ. ಉಡುಪು ಬದಲಾಯಿಸಲು ಮನಸ್ಸಿಲ್ಲದವರಿಗೆ ಬಫೆ ಮೊದಲಾದ ಕೆಲವು ಸ್ಥಳಗಳನ್ನು ಬಿಟ್ಟುಕೊಟ್ಟಿದ್ದಾರೆ.

ಇದನ್ನೋದಿ ಕೆಲವರು ನಗಬಹುದು. ನಗುವ ಮುನ್ನ ನಮ್ಮ ಅಡುಗೆಮನೆಯನ್ನು ನೆನೆಯಬೇಕು. ಸ್ನಾನ ಮಾಡಿ ಮಡಿಯುಟ್ಟಲ್ಲದೆ ಎಲೆಯ ಮುಂದೆ ಕೂರಬಾರದೆಂಬ ವಿಧಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿರಲಿಲ್ಲ! ಹಡಗಿನವರು ಕೋಟನ್ನು ತೊಟ್ಟು ಬನ್ನಿರೆನ್ನುತ್ತಾರೆ. ನಾವು ಅಂಗಿಯನ್ನು ಕಳಚಿ ಬನ್ನಿರೆನ್ನುತ್ತಿದ್ದೆವು. ವಿಧಿ ಬೇರೆಯಾದರೂ ಭಾವ ಒಂದೇ: ಅನ್ನಕ್ಕೂ ಜೊತೆಯಲ್ಲಿ ಕುಳಿತವರಿಗೂ ಮರ್ಯಾದೆ ತೋರಿಸುವುದು. ಆದರೆ ಮಡಿಯ ಜೊತೆಗೆ ನಮ್ಮಲ್ಲಿ ಪಂಕ್ತಿಭೇದವೆಂಬ ದೋಷವೂ ಬೆಳೆಯಿತು. ಹಡಗಿನಲ್ಲಿಯೂ ಅದು ಇಲ್ಲದಿರಲಿಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್ ನೌಕೆಯಲ್ಲಿ ಮೂರು ತರಗತಿಗಳಿಗೂ ಬೇರೆ ಬೇರೆ ಭೋಜನಶಾಲೆಗಳಿದ್ದವು. ಮೊದಲ ತರಗತಿಯದರಲ್ಲಿ ಏಕಕಾಲಕ್ಕೆ 554 ಮಂದಿ ಕೂರಬಹುದಾಗಿತ್ತು. ಊಟದ ವೇಳೆಯನ್ನು ಕಹಳೆಯೂದಿ ತಿಳಿಸುತ್ತಿದ್ದರು. ಕ್ವೀನ್ ಮೇರಿ 2ರಲ್ಲಿ ಇಂದಿಗೂ ಹೆಚ್ಚು ಬೆಲೆಯ ಕೊಠಡಿಯವರಿಗೆ ಬೇರೆ ಭೋಜನಶಾಲೆಯುಂಟು.

ನಮ್ಮವರಿಗೆ ಸಮುದ್ರಯಾನದ ವಿಷಯದಲ್ಲಿದ್ದ ಅಳುಕು ಪುರಾತನವಾದದ್ದು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪಾತಕಗಳ ಸಾಲಿನಲ್ಲಿ ಎಣಿಸಿದೆ. ಜಯಪುರದ ಮಹಾರಾಜರಾದ ಎರಡನೆಯ ಮಾಧೋಸಿಂಗರು 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಇಂಗ್ಲೆಂಡಿಗೆ ಹೊರಟಾಗ ‘ಒಲಿಂಪಿಯಾ’ ಎಂಬ ಹಡಗನ್ನೇ ಗೊತ್ತುಮಾಡಿಕೊಂಡು, ದೊಡ್ಡ ಬೆಳ್ಳಿಯ ಕೊಪ್ಪರಿಗೆಗಳಲ್ಲಿ ಗಂಗಾಜಲವನ್ನು ತುಂಬಿಸಿಕೊಂಡು ಹೋದರು. ಅಂತಹ ಎರಡು ಪಾತ್ರೆಗಳನ್ನು ಜಯಪುರದ ಅರಮನೆಯಲ್ಲಿ ಈಗಲೂ ನೋಡಬಹುದು. ಒಂದೊಂದರ ತೂಕ ಸುಮಾರು 345 ಕಿಲೋಗ್ರಾಂ. ಅರಸರಿಗೆ ಇದು ಸಾಧ್ಯ. ಬಡ ಗೃಹಸ್ಥರ ಹುಡುಗನಿಗೆ ಏನು ಸಾಧ್ಯ?

ಅದಕ್ಕೆ 14 ವರ್ಷ ಹಿಂದೆ, 1888ರ ಸೆಪ್ಟೆಂಬರ್ 4ರಂದು, 18 ವರ್ಷದ ಮೋಹನದಾಸ ಗಾಂಧಿಯವರು ಮುಂಬಯಿಯಿಂದ ‘ಕ್ಲೈಡ್’ ಎಂಬ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು. ಮುಂದೆ ಆತ್ಮಕಥೆಯಲ್ಲಿ ಅವರೇ ತಿಳಿಸಿರುವಂತೆ, ಚೂರಿಮುಳ್ಳುಗಳನ್ನು ಬಳಸುವ ರೀತಿ ಅವರಿಗೆ ತಿಳಿಯದು. ಪಟ್ಟಿಯಲ್ಲಿ ಮಾಂಸವಿಲ್ಲದ ಪದಾರ್ಥ ಯಾವುದೆಂದು ಕೇಳುವ ಧೈರ್ಯವೂ ಇರಲಿಲ್ಲ. ಆದ್ದರಿಂದ ಮೇಜಿನ ಬಳಿಗೆ ಹೋಗದೆ, ಮನೆಯಿಂದ ತಂದ ಸಿಹಿತಿಂಡಿಗಳನ್ನೂ ಹಣ್ಣುಗಳನ್ನೂ ಕೋಣೆಯಲ್ಲಿಯೇ ಕುಳಿತು ತಿಂದರು. ಹಡಗಿನಲ್ಲಿ ಕಪ್ಪು ಉಡುಪನ್ನು ತೊಟ್ಟಿದ್ದು, ಇಳಿಯುವ ದಿನಕ್ಕೆಂದು ಬಿಳಿಯ ಫ್ಲಾನೆಲ್ ಉಡುಪನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಇಳಿದು ನೋಡಿದರೆ ಅಂತಹ ಬಟ್ಟೆ ತೊಟ್ಟವರು ಅವರೊಬ್ಬರೇ!

ಈ ಪ್ರಕರಣವನ್ನು ನಾವು ಮೂವತ್ತು ವರ್ಷ ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸಿದ್ದೇವೆ. ಅದು ನಮಗೇ ಪಾಠವಾಗಬೇಕಾದೀತೆಂದು ತಿಳಿದಿರಲಿಲ್ಲ.

2023ರ ಡಿಸೆಂಬರಿನಲ್ಲಿ, ಸಿಂಗಪುರದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ಪೆನಾಂಗ್, ಫುಕೆಟ್‌ಗಳಿಗೆ ಹೋಗಿಬರುವ ನಾಲ್ಕು ರಾತ್ರಿಗಳ ವಿಹಾರನೌಕೆಯಲ್ಲಿ ಮನೆಯವರಿಗೆಲ್ಲ ಸ್ಥಳ ಕಾದಿರಿಸಿದನು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ನಮ್ಮ ಗೃಹಿಣಿ, ನಾವು, 82 ವರ್ಷದ ನಮ್ಮ ತಾಯಿಯವರು, ಒಟ್ಟು ಏಳು ಮಂದಿ. ತಾಯಿಯವರು ಈರುಳ್ಳಿ ಬೆಳ್ಳುಳ್ಳಿಗಳನ್ನು ಮುಟ್ಟಿದವರಲ್ಲ. ನಮ್ಮಲ್ಲಿಯೋ ಟೈ ಎಂಬುದು ಒಂದೂ ಇಲ್ಲ. ಪಂಚೆ, ಮುಚ್ಚುಕೊರಳಿನ ಕೋಟು, ಶಲ್ಯ ಇವಿಷ್ಟೇ ನಮ್ಮ ಸಂಭ್ರಮದ ಉಡುಪು. ಮೊದಲ ಸಂಜೆ ಉಡುಪಿನ ಸೂಚನೆಯನ್ನು ಓದಿದೊಡನೆ ನಮ್ಮ ಎದೆ ಕುಗ್ಗಿತು. ಬಾಗಿಲಲ್ಲಿ ತಡೆದು ನಿಲ್ಲಿಸಿದರೆ ಮೊಮ್ಮಕ್ಕಳ ಮುಂದೆ ಏನಾಗಬೇಕು? “ಅಮ್ಮನಿಗೆ ಅಲ್ಲಿ ಸರಿಹೋಗದು, ಅವರೂ ನಾವೂ ಕೋಣೆಯಲ್ಲಿಯೇ ಹಣ್ಣುಹಂಪಲು ತಿನ್ನುತ್ತೇವೆ, ನೀವು ಹೋಗಿಬನ್ನಿ” ಎಂದುಬಿಟ್ಟೆವು. ಭಯ ನಮ್ಮದು, ನೆಪ ತಾಯಿಯವರದು. ವಿನೋದವೇನೆಂದರೆ ಆ ರಾತ್ರಿ ಬಾಗಿಲಲ್ಲಿ ತಡೆಯಲ್ಪಟ್ಟವನು ನಮ್ಮ ಮಗನೇ. ಅವನು ಅರ್ಧ ಚಡ್ಡಿಯಲ್ಲಿ ಹೋಗಿದ್ದನು!

ಎರಡನೆಯ ರಾತ್ರಿಯೂ ಹಾಗೆಯೇ ಕಳೆಯಿತು. ಮೂರನೆಯ ಬೆಳಗ್ಗೆ ತಾಯಿಯವರು ಕಡಲನ್ನು ನೋಡುತ್ತ ಕುಳಿತಿದ್ದವರು, “ಏನಪ್ಪಾ, ನಾನು ಬಂದರೆ ನಿನಗೆ ನಾಚಿಕೆಯೇ?” ಎಂದು ಕೇಳಿದರು. “ಇಲ್ಲಮ್ಮ, ನಿಮಗೆ ಅಲ್ಲಿಯ ಊಟ ಆಗುವುದಿಲ್ಲವೆಂದು...” ಎಂದೆವು. “ಆಗುತ್ತದೋ ಇಲ್ಲವೋ ನನ್ನನ್ನು ಕೇಳಿದೆಯಾ? ಅವರನ್ನಾದರೂ ಕೇಳಿದೆಯಾ? ಇಷ್ಟು ದೂರ ಬಂದದ್ದು ಮರಿಮಕ್ಕಳ ಜೊತೆ ಕೂತು ಉಣ್ಣುವುದಕ್ಕೆ. ಇನ್ನೊಂದು ಸಲ ಬಂದೇನೆ ನಾನು?” ಎಂದರು. ನಮಗೆ ಉತ್ತರ ತೋಚಲಿಲ್ಲ.

ಕೂಡಲೇ ಭೋಜನಶಾಲೆಯ ಮೇಲ್ವಿಚಾರಕನ ಬಳಿಗೆ ಹೋಗಿ ಮೂರು ಪ್ರಶ್ನೆಗಳನ್ನು ಕೇಳಿದೆವು. ಆ ರಾತ್ರಿಯೇ ಫಾರ್ಮಲ್ ರಾತ್ರಿ, ಪಂಚೆಯನ್ನುಟ್ಟು ಬರಬಹುದೆ? ನಿಮ್ಮ ದೇಶದ ಸಂಭ್ರಮದ ಉಡುಪು ಯಾವುದೋ ಅದರಲ್ಲಿಯೇ ಬನ್ನಿರಿ, ಎಂದನು. ಈರುಳ್ಳಿ ಬೆಳ್ಳುಳ್ಳಿಗಳಿಲ್ಲದ ಊಟ ದೊರೆತೀತೆ? ಹಿಂದಿನ ದಿನವೇ ಹೇಳಿದ್ದರೆ ಚೆನ್ನಾಗಿತ್ತು. ಇಂದಿಗೆ ಅನ್ನ, ಬೇಳೆ, ಬೇಯಿಸಿದ ತರಕಾರಿ, ಮೊಸರು ಖಂಡಿತ. ನಾಳೆ ಇನ್ನಷ್ಟು ಮಾಡಿಸುವೆ, ಎಂದನು. ತಾಯಿಯವರಿಗೆ ರಾತ್ರಿ ಎಂಟೂವರೆಯವರೆಗೆ ಕಾಯುವುದು ಆಗದು. ಮೊದಲ ಪಂಕ್ತಿಯಲ್ಲಿ ಸ್ಥಳವುಂಟೆ? ಅದೂ ಇತ್ತು. ಮೂರು ಪ್ರಶ್ನೆಗಳಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ.

ಆ ಸಂಜೆ ತಾಯಿಯವರು ತಮ್ಮ ಹಸಿರು ಮೈಸೂರು ರೇಷ್ಮೆಯ ಸೀರೆಯನ್ನುಟ್ಟರು. ನಾವು ಪಂಚೆಯ ಮೇಲೆ ಕೋಟನ್ನು ತೊಟ್ಟು, ಶಲ್ಯ ಹೊದ್ದು, ಅಂಜುತ್ತಂಜುತ್ತ ಒಳಹೊಕ್ಕೆವು. ನಮ್ಮನ್ನು ಯಾರೂ ನೋಡಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಉಡುಪನ್ನೇ ಸರಿಪಡಿಸಿಕೊಳ್ಳುವುದರಲ್ಲಿ ನಿರತರಾಗಿದ್ದರು. ಬಡಿಸುವವನು ಗೋವೆಯವನು. ತಾಯಿಯವರ ತಟ್ಟೆಯನ್ನು ಬೇರೆಯಾಗಿಯೇ ತಂದಿಟ್ಟು, ಚಮಚವನ್ನು ತಾನಾಗಿಯೇ ಬದಿಗೆ ಸರಿಸಿದನು. ಅವರು ಕೈಯಿಂದಲೇ ಮೊಸರನ್ನ ಕಲಸಿ ಉಂಡರು, ಎರಡನೆಯ ಸಲ ಮೊಸರನ್ನು ಕೇಳಿ ಹಾಕಿಸಿಕೊಂಡರು, ಅನ್ನ ಇನ್ನೂ ಸ್ವಲ್ಪ ಬೇಯಬೇಕಾಗಿತ್ತೆಂದು ಅಭಿಪ್ರಾಯವನ್ನೂ ಕೊಟ್ಟರು. ಮರುದಿನ ಅನ್ನ ಚೆನ್ನಾಗಿ ಬೆಂದಿತ್ತು.

ಹೊರಡಲಿರುವ ಗೃಹಸ್ಥರಿಗೆ ಈ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ. ಟಿಕೆಟ್ಟು ಕೊಳ್ಳುವಾಗಲೇ ಊಟದ ನಿಯಮಗಳನ್ನು ಬರೆದು ತಿಳಿಸಬೇಕು. ಬರಿಯ ಸಸ್ಯಾಹಾರವೆಂದರೆ ಸಾಲದು. ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳು ಇವುಗಳಲ್ಲಿ ಯಾವುದು ಸಲ್ಲದೆಂಬುದನ್ನು ಬಿಡಿಸಿ ಹೇಳಬೇಕು. ಹಡಗನ್ನೇರಿದ ದಿನವೇ ಭೋಜನಶಾಲೆಯವರಿಗೆ ಇನ್ನೊಮ್ಮೆ ನೆನಪಿಸಬೇಕು. ವೃದ್ಧರೂ ಶಿಶುಗಳೂ ಇದ್ದರೆ ಮೊದಲ ಪಂಕ್ತಿಯೇ ಲೇಸು. ಮನೆಯಲ್ಲಿ ಮಾಡಿದ ತಿಂಡಿಗಳನ್ನು ಒಳಗೆ ತರಲು ಅನೇಕ ಸಂಸ್ಥೆಯವರು ಬಿಡುವುದಿಲ್ಲ; ಚಕ್ಕುಲಿಯ ಡಬ್ಬಿಯನ್ನು ನಂಬಿ ಹೊರಡಬಾರದು. ಬಫೆಯಲ್ಲಿ ತಟ್ಟೆ ಹಿಡಿಯುವ ಮುನ್ನ ಎಲ್ಲರೂ ಸೋಪಿನಿಂದ ಕೈ ತೊಳೆಯಬೇಕು; ಸಾವಿರಾರು ಕೈ ಮುಟ್ಟುವ ಸೌಟಿನಿಂದ ವಾಂತಿಭೇದಿ ಬೇಗ ಹರಡುತ್ತದೆ.

ಉಡುಪಿನಲ್ಲಿ ಹೆಂಗಸರಿಗೆ ಚಿಂತೆಯೇ ಇಲ್ಲ. ಸೀರೆಯು ಯಾವ ರಾತ್ರಿಗೂ ಸಲ್ಲುತ್ತದೆ. ಗಂಡಸರು ತಮ್ಮಲ್ಲಿರುವ ಒಳ್ಳೆಯ ಪಂಚೆಯನ್ನೋ ಮುಚ್ಚುಕೊರಳಿನ ಕೋಟನ್ನೋ ಒಯ್ದರೆ ಸಾಕಾಗುವುದುಂಟು. ಆದರೂ ಆಯಾ ಸಂಸ್ಥೆಯವರನ್ನು ಮುಂಚಿತವಾಗಿ ಕೇಳಿಕೊಳ್ಳಬೇಕು. ಬೆಂಕಿಯ ಭಯದಿಂದ ಕೋಣೆಗಳಲ್ಲಿ ಇಸ್ತ್ರಿಪೆಟ್ಟಿಗೆಗೆ ಅವಕಾಶವಿರುವುದಿಲ್ಲ. ಸುಕ್ಕುಗಟ್ಟದ ಬಟ್ಟೆಯನ್ನು ಆರಿಸಿಕೊಳ್ಳಬೇಕು. ಇದೇ ಕಾರಣದಿಂದ ದೀಪ, ಊದುಬತ್ತಿಗಳನ್ನು ಹಚ್ಚುವುದಕ್ಕೂ ಅನುಮತಿಯಿಲ್ಲ. ಹಿರಿಯರಿಗೆ ಇದನ್ನು ಹೊರಡುವ ಮುನ್ನವೇ ತಿಳಿಸುವುದು ಒಳ್ಳೆಯದು.

ಕೋಣೆಯಲ್ಲಿ ಅಡಗಿ ತಿಂಡಿ ತಿಂದ ಆ ಹುಡುಗನೇ 1931ರ ಆಗಸ್ಟ್ 29ರಂದು ದುಂಡುಮೇಜಿನ ಪರಿಷತ್ತಿಗಾಗಿ ಮುಂಬಯಿಯಿಂದ ‘ರಾಜಪುತಾನಾ’ ಹಡಗನ್ನೇರಿದನು. ಆಗ ಉಟ್ಟಿದ್ದುದು ತುಂಡುಪಂಚೆ, ಹೊದ್ದಿದ್ದುದು ಶಾಲು. 43 ವರ್ಷಗಳ ಅಂತರದಲ್ಲಿ ಕಡಲೂ ದಾರಿಯೂ ಬದಲಾಗಿರಲಿಲ್ಲ, ಅಂಜಿಕೆ ಹೋಗಿತ್ತು. ನಮಗೆ ಆ ಬುದ್ಧಿ ಬರಲು ಎರಡು ರಾತ್ರಿಗಳು ಹಿಡಿದವು. ತಾಯಿಯವರು ಮರುವರ್ಷ ತೀರಿಕೊಂಡರು. ನಾಲ್ಕು ರಾತ್ರಿಗಳಲ್ಲಿ ಎರಡನ್ನು ಅವರು ಮರಿಮಕ್ಕಳೊಡನೆ ಉಂಡರು. ಉಳಿದೆರಡನ್ನು ನಾವು ನಮ್ಮ ಸಂಕೋಚಕ್ಕಾಗಿ ಕಳೆದೆವು. ವಾಚಕರು ತಮ್ಮ ಹಿರಿಯರನ್ನು ಕರೆದುಕೊಂಡು ಹೋಗುವಾಗ ಮೊದಲ ರಾತ್ರಿಯೇ ಕೇಳಿ ತಿಳಿದುಕೊಂಡು, ಒಂದೇ ಪಂಕ್ತಿಯಲ್ಲಿ ಕೂರಲಿ ಎಂದು ನಮ್ಮ ಪ್ರಾರ್ಥನೆ.