ವೈದ್ಯರ ಕೈಗುಣ

'ಆ ಡಾಕ್ಟರ ಕೈಗುಣ ಒಳ್ಳೆಯದು' ಎಂಬ ಮಾತು ನಮ್ಮ ಹಳ್ಳಿ, ಪಟ್ಟಣಗಳೆರಡರಲ್ಲೂ ಇಂದಿಗೂ ಕೇಳಿಬರುತ್ತದೆ. ಔಷಧ ಒಂದೇ ಆದರೂ ಕೊಡುವ ಕೈ ಬೇರೆಯಾದರೆ ಫಲವೂ ಬೇರೆ ಎಂಬುದು ಈ ಮಾತಿನ ಹಿಂದಿನ ನಂಬಿಕೆ. ಹೆರಿಗೆ ಮಾಡಿಸುವ ಸೂಲಗಿತ್ತಿಯನ್ನೂ ಮೂಳೆ ಕಟ್ಟುವ ನಾಟಿ ವೈದ್ಯನನ್ನೂ ಜನ ಇದೇ ಅಳತೆಗೋಲಿನಿಂದ ಅಳೆಯುತ್ತಾರೆ. ವಿಜ್ಞಾನ ಈ ನಂಬಿಕೆಯನ್ನು ಒಪ್ಪದಿರಬಹುದು. ಆದರೆ ವೈದ್ಯರ ಕೈಗೆ ಗುಣವಿರುವಂತೆ ದೋಷವೂ ಇರಬಲ್ಲದು, ಕಾಯಿಲೆ ವಾಸಿಮಾಡುವ ಕೈಯೇ ಕಾಯಿಲೆಯನ್ನು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೊತ್ತೊಯ್ಯಬಲ್ಲದು ಎಂಬುದನ್ನು ಅದೇ ವಿಜ್ಞಾನ ಅಂಕಿಸಂಖ್ಯೆಗಳ ಸಮೇತ ತೋರಿಸಿಕೊಟ್ಟಿದೆ. ತೋರಿಸಿಕೊಟ್ಟು ಒಂದೂವರೆ ಶತಮಾನ ಮೀರಿತು. ಆ ಸತ್ಯವನ್ನು ಕಂಡುಹಿಡಿಯುವುದಕ್ಕಿಂತ ಅದಕ್ಕೆ ವೈದ್ಯರ ಒಪ್ಪಿಗೆ ಪಡೆಯುವುದು ಕಷ್ಟವಾಯಿತು. ಒಪ್ಪಿಗೆ ಪಡೆಯುವುದಕ್ಕಿಂತ ಅದನ್ನು ನಿತ್ಯದ ಆಚರಣೆಗೆ ತರುವುದು ಇನ್ನಷ್ಟು ಕಷ್ಟವಾಗಿದೆ.

ಎರಡು ವಾರ್ಡು, ಎರಡು ಲೆಕ್ಕ

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಬಹು ದೊಡ್ಡ ಹೆಸರು. 1784ರಲ್ಲಿ ಆರಂಭವಾದ ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ತರಬೇತಿ ಪಡೆಯುತ್ತಿದ್ದರು. ಒಂದು ದಿನ ಬಂದ ಬಸುರಿಯರನ್ನು ಒಂದು ವಿಭಾಗಕ್ಕೆ, ಮರುದಿನ ಬಂದವರನ್ನು ಇನ್ನೊಂದಕ್ಕೆ ಸೇರಿಸಿಕೊಳ್ಳುವುದು ವಾಡಿಕೆ. ಬಂದವರಲ್ಲಿ ಹೆಚ್ಚಿನವರು ಬಡವರು, ಬೇರೆ ಆಶ್ರಯವಿಲ್ಲದವರು.

ಈ ಬಡ ಹೆಂಗಸರಿಗೆ ಗೊತ್ತಿದ್ದ ಒಂದು ಸಂಗತಿ ಆಸ್ಪತ್ರೆಯ ದಾಖಲೆಗಳಲ್ಲೂ ಇತ್ತು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ಬಾಣಂತಿಯರು ಸತ್ತರು. ಎರಡನೆಯದರಲ್ಲಿ 3,754 ಹೆರಿಗೆಗಳಿಗೆ ಸತ್ತವರು 105 ಮಂದಿ. ಎಂದರೆ ಕಲಿತ ವೈದ್ಯರಿದ್ದ ಕಡೆ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು, ಸೂಲಗಿತ್ತಿಯರಿದ್ದ ಕಡೆ ನೂರಕ್ಕೆ ಮೂರಕ್ಕಿಂತ ಕಡಿಮೆ. ಸಾವಿಗೆ ಮುಖ್ಯ ಕಾರಣ ಬಾಣಂತಿ ಜ್ವರ. ಹೆತ್ತ ಒಂದೆರಡು ದಿನಗಳಲ್ಲಿ ಚಳಿ ಜ್ವರ ಬಂದು, ಹೊಟ್ಟೆ ಉಬ್ಬಿ, ಮೈಯೆಲ್ಲ ನಂಜೇರಿ ಪ್ರಾಣ ಹೋಗುತ್ತಿತ್ತು. ಮೊದಲನೆಯ ವಿಭಾಗದ ಸರದಿಯ ದಿನ ಬಂದ ಹೆಂಗಸರು ಮೊಣಕಾಲೂರಿ, ತಮ್ಮನ್ನು ಅಲ್ಲಿಗೆ ಹಾಕಬೇಡಿರೆಂದು ಬೇಡಿಕೊಳ್ಳುತ್ತಿದ್ದರು. ಆಸ್ಪತ್ರೆ ತಲುಪುವ ಮೊದಲೇ ಬೀದಿಯಲ್ಲಿ ಹೆತ್ತವರಿಗೆ ಈ ಜ್ವರ ಬರುತ್ತಿದ್ದುದು ಅಪರೂಪ ಎಂಬುದು ಇನ್ನೂ ವಿಚಿತ್ರ.

1846ರಲ್ಲಿ ಈ ವಿಭಾಗಕ್ಕೆ ಸಹಾಯಕನಾಗಿ ಬಂದವನು ಹಂಗೆರಿಯ ಇಗ್ನಾಸ್ ಸೆಮ್ಮೆಲ್‌ವೈಸ್. ಆಗ ಅವನಿಗೆ 28 ವರ್ಷ. ಕಾಯಿಲೆ ಹರಡುವುದು ಕೆಟ್ಟ ಗಾಳಿಯಿಂದ ಎಂದು ಅಂದಿನ ವೈದ್ಯಲೋಕ ನಂಬಿತ್ತು. ಆದರೆ ಒಂದೇ ಆಸ್ಪತ್ರೆಯ ಎರಡು ವಿಭಾಗಗಳಿಗೆ ಬೇರೆ ಬೇರೆ ಗಾಳಿ ಬೀಸುವುದು ಹೇಗೆ? ಜನಸಂದಣಿ ಕಾರಣ ಎನ್ನೋಣವೆಂದರೆ, ಮೊದಲನೆಯದಕ್ಕೆ ಹೆದರಿ ಎಲ್ಲರೂ ಎರಡನೆಯದಕ್ಕೇ ನುಗ್ಗುತ್ತಿದ್ದರಿಂದ ಅಲ್ಲೇ ಸಂದಣಿ ಹೆಚ್ಚು. ಸಾಯುವವರಿಗೆ ಕೊನೆಯ ಸಂಸ್ಕಾರ ಮಾಡಲು ಪಾದ್ರಿ ಗಂಟೆಯ ಸದ್ದಿನೊಡನೆ ವಾರ್ಡುಗಳನ್ನು ಹಾದುಹೋಗುವುದರಿಂದ ಹೆಂಗಸರು ಭಯಗೊಂಡು ಸಾಯುತ್ತಾರೆಂದು ಕೆಲವರು ಹೇಳಿದರು. ಗಂಟೆ ನಿಲ್ಲಿಸಿ, ಪಾದ್ರಿಯ ದಾರಿ ಬದಲಿಸಿದ್ದಾಯಿತು. ಸಾವು ನಿಲ್ಲಲಿಲ್ಲ. ಹೆರುವಾಗ ಮಲಗುವ ಭಂಗಿಯನ್ನು ಬದಲಿಸಿದರೂ ಫಲವಾಗಲಿಲ್ಲ.

ಒಂದು ಚೂರಿಯ ಗೀರು

ಉತ್ತರ ದೊರೆತದ್ದು ಒಬ್ಬ ಗೆಳೆಯನ ಸಾವಿನಲ್ಲಿ. 1847ರ ಮಾರ್ಚ್‌ನಲ್ಲಿ ಯಾಕೊಬ್ ಕೊಲೆಚ್ಕಾ ಎಂಬ ಪ್ರಾಧ್ಯಾಪಕ ಶವಪರೀಕ್ಷೆ ನಡೆಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಚೂರಿ ಅವನ ಬೆರಳಿಗೆ ತಾಗಿತು. ಗಾಯ ನಂಜೇರಿ ಅವನು ತೀರಿಕೊಂಡ. ಅವನ ಶವಪರೀಕ್ಷೆಯ ವರದಿ ಓದಿದ ಸೆಮ್ಮೆಲ್‌ವೈಸ್ ಬೆಚ್ಚಿಬಿದ್ದ. ಬಾಣಂತಿ ಜ್ವರದಿಂದ ಸತ್ತ ಹೆಂಗಸರ ದೇಹದಲ್ಲಿ ಕಂಡುಬರುತ್ತಿದ್ದ ಲಕ್ಷಣಗಳೇ ಗೆಳೆಯನ ದೇಹದಲ್ಲೂ ಇದ್ದವು. ಗೆಳೆಯನಿಗೆ ನಂಜು ಸೇರಿಸಿದ್ದು ಶವಕ್ಕೆ ತಾಗಿದ್ದ ಚೂರಿ. ಹಾಗಾದರೆ ಬಾಣಂತಿಯರಿಗೆ? ವಿದ್ಯಾರ್ಥಿಗಳೂ ವೈದ್ಯರೂ ಬೆಳಿಗ್ಗೆ ಶವಪರೀಕ್ಷೆ ಮುಗಿಸಿ, ಕೈಯನ್ನು ಮೇಲೆಮೇಲೆ ತೊಳೆದುಕೊಂಡು, ನೇರವಾಗಿ ಹೆರಿಗೆ ವಾರ್ಡಿಗೆ ಬಂದು ಬಸುರಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ವ್ಯತ್ಯಾಸ ಇದ್ದದ್ದು ಅಲ್ಲಿ.

ಹಳೆಯ ದಾಖಲೆಗಳೂ ಇದನ್ನೇ ಹೇಳುತ್ತಿದ್ದವು. ವಿದ್ಯಾರ್ಥಿಗಳಿಗೆ ಶವಗಳ ಮೇಲೆ ಹೆರಿಗೆ ಪಾಠ ಮಾಡಲು ಒಪ್ಪದ ಯೋಹಾನ್ ಬೋಯರ್ 1822ರವರೆಗೆ ಮುಖ್ಯಸ್ಥನಾಗಿದ್ದ. ಆಸ್ಪತ್ರೆ ಆರಂಭವಾದಂದಿನಿಂದ ಅವನ ಕಾಲದವರೆಗೆ ಬಾಣಂತಿಯರ ಸಾವು ನೂರಕ್ಕೆ ಸುಮಾರು ಒಂದೂಕಾಲು ಮಾತ್ರ. ಅವನ ನಂತರ ಶವಪರೀಕ್ಷೆಯ ಮೂಲಕ ರೋಗಗಳನ್ನು ಅರಿಯುವ ಶಾಸ್ತ್ರ ವಿಯೆನ್ನಾದಲ್ಲಿ ಬೆಳೆಯಿತು. ಅದರೊಡನೆ ಸಾವೂ ಬೆಳೆಯಿತು. ಜ್ಞಾನದ ಹಸಿವಿನಿಂದ ಹೆಚ್ಚು ಹೆಚ್ಚು ಶವಗಳನ್ನು ಪರೀಕ್ಷಿಸಿದ ಶ್ರದ್ಧಾವಂತ ವೈದ್ಯನೇ ಹೆಚ್ಚು ಸಾವುಗಳನ್ನು ಹೊತ್ತು ತಂದಿದ್ದ. ಸೆಮ್ಮೆಲ್‌ವೈಸ್ ಸ್ವತಃ ಅಂಥ ಶ್ರದ್ಧಾವಂತ. ತನ್ನಿಂದಾಗಿ ಅಕಾಲದಲ್ಲಿ ಮಣ್ಣು ಸೇರಿದವರೆಷ್ಟೋ ದೇವರಿಗೇ ಗೊತ್ತು ಎಂಬರ್ಥದ ಮಾತನ್ನು ಅವನು ಮುಂದೆ ತನ್ನ ಪುಸ್ತಕದಲ್ಲಿ ಬರೆದ.

1847ರ ಮೇ ತಿಂಗಳ ನಡುವೆ ವಾರ್ಡಿನ ಬಾಗಿಲಲ್ಲಿ ಕ್ಲೋರಿನ್ ದ್ರಾವಣದ ಪಾತ್ರೆ ಬಂತು. ಅದು ದುಬಾರಿಯಾದ್ದರಿಂದ ಸ್ವಲ್ಪ ಕಾಲದಲ್ಲೇ ಅದರ ಜಾಗಕ್ಕೆ ಅಗ್ಗದ ಬ್ಲೀಚಿಂಗ್ ಪುಡಿಯ ದ್ರಾವಣ ಬಂತು. ಅದರಲ್ಲಿ ಕೈ ತೊಳೆಯದೆ ಯಾರೂ ಬಸುರಿಯರನ್ನು ಮುಟ್ಟುವಂತಿರಲಿಲ್ಲ. ಶವದ ವಾಸನೆ ಕೈಯಿಂದ ಹೋದರೆ ನಂಜೂ ಹೋದೀತು ಎಂಬುದಷ್ಟೇ ಅವನ ಲೆಕ್ಕಾಚಾರ; ರೋಗಾಣುಗಳ ಕಲ್ಪನೆ ಅವನಿಗಿರಲಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ 312 ಹೆರಿಗೆಗಳಿಗೆ 57 ಸಾವು ಸಂಭವಿಸಿದ್ದ ವಿಭಾಗದಲ್ಲಿ ಜುಲೈ ತಿಂಗಳ 250 ಹೆರಿಗೆಗಳಿಗೆ ಮೂರೇ ಸಾವು. ಅಕ್ಟೋಬರ್‌ನಲ್ಲಿ ಇನ್ನೊಂದು ಪಾಠ ಕಾದಿತ್ತು. ಗರ್ಭಕೋಶದ ಕ್ಯಾನ್ಸರ್‌ನಿಂದ ಸ್ರಾವವಾಗುತ್ತಿದ್ದ ಒಬ್ಬಳನ್ನು ಪರೀಕ್ಷಿಸಿದ ಕೈಗಳೇ ಸಾಲಾಗಿ ಮಲಗಿದ್ದ ಇತರರನ್ನೂ ಪರೀಕ್ಷಿಸಿದವು. ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ನಂಜು ಬರುವುದು ಶವದಿಂದ ಮಾತ್ರವಲ್ಲ, ಬದುಕಿರುವ ರೋಗಿಯಿಂದಲೂ ಎಂಬುದು ಖಚಿತವಾಯಿತು. ಅಲ್ಲಿಂದ ಮುಂದೆ ಒಬ್ಬರನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ನಡುವೆಯೂ ಕೈ ತೊಳೆಯುವುದು ನಿಯಮವಾಯಿತು. 1848ರಲ್ಲಿ 3,556 ಹೆರಿಗೆಗಳಿಗೆ 45 ಸಾವು. ಸೂಲಗಿತ್ತಿಯರ ವಿಭಾಗಕ್ಕಿಂತಲೂ ಒಂದಿಷ್ಟು ಕಡಿಮೆ.

ಒಪ್ಪಿಕೊಳ್ಳುವ ಕಷ್ಟ

ಇಷ್ಟು ಸ್ಪಷ್ಟವಾದ ಲೆಕ್ಕವನ್ನು ವೈದ್ಯರು ಏಕೆ ಒಪ್ಪಲಿಲ್ಲ? ರೋಗಾಣು ಸಿದ್ಧಾಂತ ಇನ್ನೂ ರೂಪುಗೊಂಡಿರಲಿಲ್ಲ ಎಂಬುದು ಒಂದು ಕಾರಣ. ಸೆಮ್ಮೆಲ್‌ವೈಸ್ ತನ್ನ ಪುಸ್ತಕ ಹೊರತರಲು ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡದ್ದು ಇನ್ನೊಂದು. ಆದರೆ ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಇದನ್ನು ಒಪ್ಪಿದರೆ, ಈವರೆಗೆ ಸತ್ತವರ ಸಾವಿಗೆ ತಾನೇ ಹೊಣೆ ಎಂದು ಪ್ರತಿಯೊಬ್ಬ ವೈದ್ಯನೂ ಒಪ್ಪಬೇಕಾಗುತ್ತಿತ್ತು. ಜರ್ಮನಿಯ ಕೀಲ್ ನಗರದ ಗುಸ್ತಾವ್ ಮಿಖಾಯೆಲಿಸ್ ಹಾಗೆ ಒಪ್ಪಿದ ಪ್ರಾಮಾಣಿಕ. ಸ್ವಲ್ಪ ಕಾಲದ ಹಿಂದೆ ತಾನೇ ಹೆರಿಗೆ ಮಾಡಿಸಿದ್ದ ಸೋದರ ಸಂಬಂಧಿ ಜ್ವರದಿಂದ ಸತ್ತದ್ದು ತನ್ನ ಕೈಯಿಂದಲೇ ಎಂದು ಅವನಿಗೆ ಮನವರಿಕೆಯಾಯಿತು. ಆ ಕೊರಗಿನಲ್ಲೇ ಅವನು 1848ರಲ್ಲಿ ರೈಲಿನಡಿ ಬಿದ್ದು ಪ್ರಾಣ ಬಿಟ್ಟ.

ಇಂಥ ಮಾತು ಹೇಳಿದವರಲ್ಲಿ ಸೆಮ್ಮೆಲ್‌ವೈಸ್ ಮೊದಲಿಗನೂ ಅಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಅಲೆಗ್ಸಾಂಡರ್ ಗಾರ್ಡನ್ 1795ರಲ್ಲೇ, ಜ್ವರವನ್ನು ಮನೆಯಿಂದ ಮನೆಗೆ ಒಯ್ಯುವವರು ವೈದ್ಯರು ಮತ್ತು ಸೂಲಗಿತ್ತಿಯರು, ತಾನೂ ಒಯ್ದಿದ್ದೇನೆ ಎಂದು ಬರೆದಿದ್ದ. ಊರಿನವರ ಸಿಟ್ಟಿಗೆ ಗುರಿಯಾಗಿ ಊರು ಬಿಟ್ಟ. ಅಮೆರಿಕದಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ 1843ರಲ್ಲಿ ಇದನ್ನೇ ಬರೆದಾಗ, ಫಿಲಡೆಲ್ಫಿಯಾದ ಪ್ರಾಧ್ಯಾಪಕ ಚಾರ್ಲ್ಸ್ ಮೀಗ್ಸ್ ಕಟುವಾಗಿ ವಿರೋಧಿಸಿದ. ವೈದ್ಯರು ಸಭ್ಯರು, ಸಭ್ಯರ ಕೈಗಳು ಶುಚಿಯಾಗಿರುತ್ತವೆ ಎಂಬುದು ಅವನ ವಾದದ ಧಾಟಿ. ಎಂದರೆ ಶುಚಿ ಎಂಬುದು ಅಂತಸ್ತಿನ ಪ್ರಶ್ನೆಯಾಗಿತ್ತು, ತೊಳೆಯಬೇಕೆನ್ನುವುದು ಅವಮಾನವಾಗಿತ್ತು. ಮಡಿ ಮೈಲಿಗೆಗಳನ್ನು ಹುಟ್ಟಿಗೆ ಕಟ್ಟಿಹಾಕಿದ ಸಮಾಜಕ್ಕೆ ಈ ತರ್ಕ ತೀರ ಅಪರಿಚಿತವೇನಲ್ಲ.

ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್‌ನ ಅವಧಿ 1849ರಲ್ಲಿ ಮುಗಿಯಿತು. ಮೇಲಧಿಕಾರಿ ಕ್ಲೈನ್ ಅದನ್ನು ಮುಂದುವರಿಸಲಿಲ್ಲ. ತಾಯ್ನಾಡಿಗೆ ಮರಳಿದ ಅವನು ಪೆಸ್ಟ್ ನಗರದ ಆಸ್ಪತ್ರೆಯಲ್ಲಿ ಆರು ವರ್ಷಗಳ 933 ಹೆರಿಗೆಗಳಲ್ಲಿ ಬಾಣಂತಿ ಜ್ವರದ ಸಾವನ್ನು ಎಂಟಕ್ಕಿಳಿಸಿದ. ಆದರೂ ಜಗತ್ತು ಕಿವಿಗೊಡಲಿಲ್ಲ. ತಾಳ್ಮೆಗೆಟ್ಟ ಅವನು ಒಪ್ಪದ ಪ್ರಾಧ್ಯಾಪಕರನ್ನು ಕೊಲೆಗಾರರೆಂದು ಬಹಿರಂಗ ಪತ್ರಗಳಲ್ಲಿ ಜರೆದ. ಇದ್ದ ಕೆಲವೇ ಬಾಗಿಲುಗಳೂ ಮುಚ್ಚಿದವು. 1865ರಲ್ಲಿ ಅವನನ್ನು ವಿಯೆನ್ನಾದ ಹುಚ್ಚಾಸ್ಪತ್ರೆಗೆ ಸೇರಿಸಲಾಯಿತು. ಆಗಸ್ಟ್ 13ರಂದು, 47ನೆಯ ವಯಸ್ಸಿನಲ್ಲಿ, ಅವನು ಗಾಯ ನಂಜೇರಿಯೇ ಸತ್ತ. ಅದರ ಹಿಂದಿನ ದಿನ, ಆಗಸ್ಟ್ 12ರಂದು, ಗ್ಲಾಸ್ಗೊ ನಗರದಲ್ಲಿ ಜೋಸೆಫ್ ಲಿಸ್ಟರ್ ಕಾಲು ಮುರಿದಿದ್ದ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಬಟ್ಟೆ ಕಟ್ಟಿದ್ದ. ಗಾಯ ನಂಜಾಗದೆ ಮಾಯಿತು. ಪಾಶ್ಚರನ ಸಂಶೋಧನೆಯನ್ನು ಓದಿದ್ದ ಲಿಸ್ಟರನಿಗೆ ಶತ್ರು ಯಾರೆಂಬುದರ ಅಂದಾಜಿತ್ತು. ಅದೇ ಪಾಶ್ಚರ್ 1879ರಲ್ಲಿ ಪ್ಯಾರಿಸಿನ ವೈದ್ಯರ ಸಭೆಯಲ್ಲಿ ಬಾಣಂತಿ ಜ್ವರ ತರುವ ರೋಗಾಣುಗಳ ಸರಪಳಿಯ ಚಿತ್ರವನ್ನು ಹಲಗೆಯ ಮೇಲೆ ಬರೆದು ತೋರಿಸಿದ. ಅದಕ್ಕೆ ಇಂದು ಸ್ಟ್ರೆಪ್ಟೊಕಾಕಸ್ ಎಂದು ಹೆಸರು.

ತಿಳಿದ ಮೇಲೂ

ರೋಗಾಣು ಗೊತ್ತಾಯಿತು, ಔಷಧವೂ ಬಂತು. 1930ರ ದಶಕದ ಸಲ್ಫಾ ಔಷಧಗಳು, 1940ರ ದಶಕದ ಪೆನಿಸಿಲಿನ್ ಬಾಣಂತಿ ಜ್ವರದ ಹಲ್ಲು ಕಿತ್ತವು. ಆದರೆ ಔಷಧದ ಮೇಲಿನ ಭರವಸೆ ಶುಚಿತ್ವದ ಮೇಲಿನ ಶ್ರದ್ಧೆಯನ್ನು ಸಡಿಲಿಸಿತು. ರೋಗಾಣುಗಳೂ ಸುಮ್ಮನಿರಲಿಲ್ಲ. ಪೆನಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್‌ಗೆಂದು ತಂದ ಮೆಥಿಸಿಲಿನ್‌ಗೂ ಬಗ್ಗದ ತಳಿ 1961ರಲ್ಲೇ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡಿತು. ಇಂಥವು ಆಸ್ಪತ್ರೆಗಳಲ್ಲೇ ಬೀಡುಬಿಟ್ಟು ಕೈಯಿಂದ ಕೈಗೆ ದಾಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ, ಆಸ್ಪತ್ರೆ ಸೇರಿದ ಪ್ರತಿ ನೂರು ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ ಏಳು ಮಂದಿಗೆ, ಉಳಿದ ದೇಶಗಳಲ್ಲಿ ಹದಿನೈದು ಮಂದಿಗೆ ಅಲ್ಲಿಯೇ ಹೊಸ ಸೋಂಕು ತಗಲುತ್ತದೆ. ಅಂಥವರಲ್ಲಿ ಹತ್ತಕ್ಕೊಬ್ಬರು ಸಾಯುತ್ತಾರೆ.

ಕೈ ತೊಳೆಯಬೇಕೆಂದು ಇಂದು ಯಾವ ವೈದ್ಯರಿಗೆ ಗೊತ್ತಿಲ್ಲ? ಆದರೂ ಸ್ವಿಟ್ಜರ್ಲೆಂಡಿನ ಜಿನೀವಾದ ದೊಡ್ಡ ಆಸ್ಪತ್ರೆಯಲ್ಲಿ ದಿದಿಯೆ ಪಿತೆ ಮತ್ತು ಸಂಗಡಿಗರು 1994ರಲ್ಲಿ ಗಮನಿಸಿದಾಗ, ತೊಳೆಯಬೇಕಾದ ಸಂದರ್ಭಗಳಲ್ಲಿ ಅರ್ಧಕ್ಕಿಂತ ಕಡಿಮೆ ಸಲ ಸಿಬ್ಬಂದಿ ಕೈ ತೊಳೆಯುತ್ತಿದ್ದರು. ಇದು ಸೋಮಾರಿತನವಲ್ಲ, ಕಾಲದ ಅಭಾವ ಎಂಬುದು ಅವರು ಕಂಡುಕೊಂಡ ಸಂಗತಿ. ಕೆಲಸದ ಒತ್ತಡ ಹೆಚ್ಚಿದಷ್ಟೂ ತೊಳೆಯುವುದು ಕಡಿಮೆಯಾಗುತ್ತಿತ್ತು. ಪ್ರತಿ ಸಲವೂ ನಲ್ಲಿಯವರೆಗೆ ನಡೆದು, ಸೋಪು ಹಚ್ಚಿ, ತೊಳೆದು, ಒರೆಸಿ ಬರುತ್ತ ನರ್ಸ್ ರೋಗಿಯನ್ನು ನೋಡಿಕೊಳ್ಳುವುದು ಯಾವಾಗ? ಅವರು ಆಲ್ಕೊಹಾಲ್ ದ್ರಾವಣದ ಬಾಟಲಿಯನ್ನು ಹಾಸಿಗೆಯ ಪಕ್ಕಕ್ಕೇ ತಂದರು. ಇಪ್ಪತ್ತು ಮೂವತ್ತು ಸೆಕೆಂಡು ಉಜ್ಜಿದರೆ ಸಾಕು. 1997ರ ಹೊತ್ತಿಗೆ ಕೈಶುಚಿ ಪಾಲನೆ ನೂರಕ್ಕೆ 48ರಿಂದ 66ಕ್ಕೇರಿತು. ಆಸ್ಪತ್ರೆಯ ಸೋಂಕು ನೂರಕ್ಕೆ ಹದಿನೇಳರ ಸಮೀಪದಿಂದ ಹತ್ತರ ಸಮೀಪಕ್ಕಿಳಿಯಿತು. ನರ್ಸುಗಳು ಸುಧಾರಿಸಿದರು, ವೈದ್ಯರು ಹೆಚ್ಚೇನೂ ಬದಲಾಗಲಿಲ್ಲ ಎಂಬುದು ಅದೇ ಅಧ್ಯಯನದ ಇನ್ನೊಂದು ಸಾಲು.

ಬಾಟಲಿಯೂ ಸರ್ವರೋಗ ಪರಿಹಾರಿಯಲ್ಲ. ಕೈಗೆ ರಕ್ತವೋ ಕೊಳೆಯೋ ಮೆತ್ತಿದ್ದರೆ ಸೋಪು ನೀರೇ ಬೇಕು. ಕೆಲವು ರೋಗಾಣುಗಳ ಬೀಜಕಗಳನ್ನು ಆಲ್ಕೊಹಾಲ್ ಕೊಲ್ಲಲಾರದು. ಕೈಗವಸು ತೊಟ್ಟ ಮಾತ್ರಕ್ಕೆ ತೊಳೆಯುವುದು ತಪ್ಪುವುದಿಲ್ಲ. ಅದೇ ಗವಸಿನಲ್ಲಿ ನಾಲ್ಕು ರೋಗಿಗಳನ್ನು ಮುಟ್ಟಿದರೆ ರಕ್ಷಣೆ ತೊಟ್ಟವರಿಗೆ ಮಾತ್ರ.

ವೈದ್ಯರಿಗೆ ಹೇಳುವವರು ಯಾರು?

ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ಪೀಟರ್ ಪ್ರೊನೊವೊಸ್ಟ್ ನಡೆಸಿದ ಪ್ರಯೋಗ ಈ ಪ್ರಶ್ನೆಗೆ ಉತ್ತರ ಹುಡುಕಿತು. ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವಾಗ ಪಾಲಿಸಬೇಕಾದ ಐದು ಕ್ರಮಗಳ ಪಟ್ಟಿಯನ್ನು ಅವರು ಸಿದ್ಧಪಡಿಸಿದರು: ಕೈ ತೊಳೆಯುವುದು, ರೋಗಿಯ ಚರ್ಮವನ್ನು ಔಷಧದಿಂದ ಶುಚಿಗೊಳಿಸುವುದು, ಶುದ್ಧ ಹೊದಿಕೆ ನಿಲುವಂಗಿಗಳನ್ನು ಬಳಸುವುದು, ಸಾಧ್ಯವಾದಷ್ಟು ತೊಡೆಸಂದಿಯ ಜಾಗ ಬಿಟ್ಟು ಬೇರೆಡೆ ಹಾಕುವುದು, ಅಗತ್ಯ ಮುಗಿದೊಡನೆ ನಳಿಕೆ ತೆಗೆಯುವುದು. ಇದರಲ್ಲಿ ಹೊಸದೇನೂ ಇರಲಿಲ್ಲ. ಹೊಸದಿದ್ದದ್ದು ಒಂದೇ. ವೈದ್ಯರು ಯಾವುದಾದರೂ ಕ್ರಮವನ್ನು ಬಿಟ್ಟರೆ ಅವರನ್ನು ಅಲ್ಲಿಯೇ ತಡೆಯುವ ಅಧಿಕಾರವನ್ನು ನರ್ಸಿಗೆ ಕೊಡಲಾಗಿತ್ತು. ಪ್ರತಿ ಸಾವಿರ ನಳಿಕೆ-ದಿನಗಳಿಗೆ 2.7ರಷ್ಟಿದ್ದ ರಕ್ತದ ಸೋಂಕಿನ ಮಧ್ಯಮ ಪ್ರಮಾಣ ಮೂರು ತಿಂಗಳೊಳಗೆ ಸೊನ್ನೆಗಿಳಿದು, ಒಂದೂವರೆ ವರ್ಷದವರೆಗೆ ಅಲ್ಲಿಯೇ ನಿಂತಿತೆಂದು 2006ರ ವರದಿ ತಿಳಿಸಿತು.

ಭಾರತದಲ್ಲಿ ಸರ್ಕಾರಿ ಆಸ್ಪತ್ರೆಗಳ ಶುಚಿತ್ವ ಮತ್ತು ಸೋಂಕು ತಡೆಗೆ ಅಂಕ ಕೊಟ್ಟು ಬಹುಮಾನ ನೀಡುವ 'ಕಾಯಕಲ್ಪ' ಯೋಜನೆ 2015ರಲ್ಲಿ ಬಂತು; ಸೋಂಕು ತಡೆಯ ರಾಷ್ಟ್ರೀಯ ಮಾರ್ಗಸೂಚಿ 2020ರಲ್ಲಿ ಹೊರಬಂತು. ನಿಯಮಗಳಿಗೆ ಕೊರತೆಯಿಲ್ಲ. ಆದರೆ ವಾರ್ಡಿನ ನಲ್ಲಿಯಲ್ಲಿ ನೀರು, ಪಕ್ಕದಲ್ಲಿ ಸೋಪು, ಒಬ್ಬ ನರ್ಸಿಗೆ ನಿಭಾಯಿಸಲಾಗುವಷ್ಟೇ ರೋಗಿಗಳು ಇವಿಲ್ಲದೆ ಯಾವ ಫಲಕ ತೂಗುಹಾಕಿದರೂ ಪ್ರಯೋಜನ ಕಡಿಮೆ. ರೋಗಿಯ ಕಡೆಯವರಿಗೂ ಪಾಲಿದೆ. ಹಾಸಿಗೆಯ ಮೇಲೆ ಗುಂಪಾಗಿ ಕೂರುವ ನೆಂಟರ ಕೈಗಳೂ ಕೈಗಳೇ, ಎಳೆಗೂಸನ್ನು ಎತ್ತಿಕೊಳ್ಳುವ ಮುನ್ನ ತೊಳೆಯಬೇಕಾದವೇ. ಇನ್ನು, 'ಡಾಕ್ಟ್ರೇ, ಕೈ ತೊಳೆದುಕೊಂಡಿರಾ?' ಎಂದು ಕೇಳುವ ಧೈರ್ಯ ಬಡ ಬಾಣಂತಿಗಾಗಲಿ, ಅವಳ ತಾಯಿಗಾಗಲಿ ಸುಲಭವಾಗಿ ಬಾರದು. ವಿಯೆನ್ನಾದ ಹೆಂಗಸರು ಮೊಣಕಾಲೂರಿ ಬೇಡಿಕೊಂಡದ್ದನ್ನು ಅಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರು ಕೇಳುವ ಮೊದಲೇ, ಅವರ ಕಣ್ಣೆದುರಿಗೇ ಕೈ ತೊಳೆದುಕೊಳ್ಳುವ ವೈದ್ಯರಿಗೆ ಕೈಗುಣವಿದೆ ಎಂದು ಧಾರಾಳವಾಗಿ ಹೇಳಬಹುದು.